ಒದ್ದೆ ಹಸಿರಿಗೆ ಒಂದು ಸಿಪಿಎಲ್ ಫಿಲ್ಟರ್: ಕೆಲವು ಮಳೆಗಾಲ ಬಳಸಿದ ಮೇಲೆ

ಸಿಪಿಎಲ್ ಅಂದರೆ ಸರ್ಕ್ಯುಲರ್ ಪೋಲರೈಸರ್, ಲೆನ್ಸ್‌ನ ಮುಂದೆ ಹಾಕಿ ತಿರುಗಿಸುವ, ಹೊಳಪು ತಡೆಯುವ ಗಾಜು. ಈ ಫಿಲ್ಟರ್ ಮಾರುವವರು ತೋರಿಸುವ ಫೋಟೊ ಯಾವಾಗಲೂ ಒಂದೇ. ಎಡಗಡೆ ಪೇಲವ ಆಕಾಶ, ಬಲಗಡೆ ಕಡುನೀಲಿ ಆಕಾಶ. ಅದನ್ನು ನೋಡಿ ಕೊಳ್ಳಬೇಡಿ. ಆಕಾಶದ ನೀಲಿಯನ್ನು ಎಡಿಟಿಂಗ್‌ನಲ್ಲೂ ಒಂದು ಮಟ್ಟಕ್ಕೆ ತರಬಹುದು. ಈ ಫಿಲ್ಟರ್‌ನ ನಿಜವಾದ ಕೆಲಸ ನೋಡಬೇಕಾದರೆ ಜುಲೈ ತಿಂಗಳಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ತೋಟಕ್ಕೆ ಬರಬೇಕು.

ನನ್ನದು ಎರಡು ಸಾವಿರ ರೂಪಾಯಿ ಆಸುಪಾಸಿನದು, 67 ಎಂಎಂ ಅಳತೆಯದು. ಕಂಪನಿಯ ಹೆಸರು ಬರೆಯುವುದಿಲ್ಲ. ಮುಂದೆ ಹೇಳುವ ದೂರುಗಳು ಈ ಬೆಲೆಯ ಎಷ್ಟೋ ಫಿಲ್ಟರ್‌ಗಳಿಗೆ ಹೊಂದುತ್ತವೆ.

ಮಳೆ ನಿಂತ ತಕ್ಷಣ ತೋಟ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಗೊತ್ತು. ಸೋಗೆ, ಬಾಳೆ ಎಲೆ, ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಎಲ್ಲವೂ ತೊಳೆದಿಟ್ಟ ಹಾಗೆ. ಕಣ್ಣಿಗೆ ಹಸಿರೋ ಹಸಿರು. ಫೋಟೊ ತೆಗೆದು ನೋಡಿದರೆ ಅರ್ಧ ಹಸಿರು ಮಾಯ. ಮೋಡದ ಬೆಳಕು ಒದ್ದೆ ಎಲೆಯ ಮೇಲೆ ಬಿದ್ದು ವಾಪಸ್ ಬರುತ್ತದಲ್ಲ, ಆ ಬಿಳಿ ಹೊಳಪು ಹಸಿರನ್ನು ಮುಚ್ಚಿಬಿಡುತ್ತದೆ. ಮೆಣಸಿನ ಎಲೆ ಮೊದಲೇ ನುಣುಪು, ಒದ್ದೆಯಾದರಂತೂ ಕೇಳುವುದೇ ಬೇಡ.

ಈಗ ಫಿಲ್ಟರ್ ಹಾಕಿ, ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು, ಮುಂದಿನ ಬಳೆಯನ್ನು ನಿಧಾನ ತಿರುಗಿಸಿ. ಮೊದಲು ಏನೂ ಆಗುವುದಿಲ್ಲ. ಇನ್ನೊಂಚೂರು ತಿರುಗಿಸಿದಾಗ ಒಂದು ಎಲೆಯ ಹೊಳಪು ಇಳಿಯುತ್ತದೆ, ನರಗಳು ಕಾಣುತ್ತವೆ. ಪಕ್ಕದ ಎಲೆ, ಅದರ ಹಿಂದಿನ ಎಲೆ, ಹೀಗೆ ಬಳ್ಳಿಯ ತುಂಬ ಕಡುಹಸಿರು ಎದ್ದು ಬರುತ್ತದೆ. ಎಲ್ಲ ಎಲೆಯೂ ಒಟ್ಟಿಗೆ ಸರಿಹೋಗುವುದಿಲ್ಲ. ಒಂದೊಂದರ ಓರೆ ಬೇರೆ, ಒಂದು ಹೊಳಪು ಕಳೆದುಕೊಂಡಾಗ ಇನ್ನೊಂದು ಮಿನುಗುತ್ತಲೇ ಇರುತ್ತದೆ. ಹಿಂದೆ ಮುಂದೆ ತಿರುಗಿಸಿ ಎಲ್ಲಿ ನಿಲ್ಲಿಸಬೇಕು ಅಂತ ನೋಡುವ ಆ ಅರ್ಧ ನಿಮಿಷ ನನಗೆ ಇಡೀ ಫೋಟೊಗ್ರಫಿಯಲ್ಲೇ ಇಷ್ಟದ ಹೊತ್ತು. ಪೂರ್ತಿ ಹೊಳಪು ತೆಗೆಯುವುದೂ ನನಗೆ ಇಷ್ಟವಿಲ್ಲ. ಸ್ವಲ್ಪ ಮಿನುಗು ಉಳಿದರೇನೇ ಎಲೆ ಒದ್ದೆ ಅಂತ ಗೊತ್ತಾಗುವುದು.

‘ಇದನ್ನೆಲ್ಲ ಲ್ಯಾಪ್‌ಟಾಪ್‌ನಲ್ಲಿ ಮಾಡ್ಕೋಬಹುದಲ್ವಾ’ ಅಂತ ತುಂಬ ಜನ ಕೇಳುತ್ತಾರೆ. ಆಗುವುದಿಲ್ಲ. ಎಲೆಯ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕಿನಲ್ಲಿ ಹೆಚ್ಚಿನ ಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಎಲೆಯ ಒಳಗೆ ಹೊಕ್ಕು ಹಸಿರಾಗಿ ಹೊರಬರುವ ಬೆಳಕು ಎಲ್ಲ ದಿಕ್ಕಿನಲ್ಲೂ ಕಂಪಿಸುತ್ತದೆ. ಫಿಲ್ಟರ್ ಮೊದಲನೆಯದನ್ನು ತಡೆದು ಎರಡನೆಯದರಲ್ಲಿ ಸುಮಾರು ಅರ್ಧವನ್ನು ಒಳಗೆ ಬಿಡುತ್ತದೆ. ಕ್ಯಾಮೆರಾದ ಸೆನ್ಸರ್‌ಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಎರಡನ್ನೂ ಕಲೆಸಿ ಬರೆದಿಡುತ್ತದೆ. ಆಮೇಲೆ ಎಡಿಟಿಂಗ್‌ನಲ್ಲಿ ಹೈಲೈಟ್ (ತೀರಾ ಬೆಳಕಿನ ಭಾಗ) ಸ್ಲೈಡರ್ ಇಳಿಸಿದರೆ ಬಿಳಿ ಹೊಳಪು ಬೂದು ಬಣ್ಣಕ್ಕೆ ತಿರುಗುತ್ತದೆ, ಹಸಿರಾಗುವುದಿಲ್ಲ. ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿದರೆ ಎಲೆಯ ಮೇಲೆ ಬಿದ್ದ ಆಕಾಶದ ನೀಲಿಯೂ ಏರಿ, ತೋಟ ಪ್ಲಾಸ್ಟಿಕ್ ಗಿಡದ ಅಂಗಡಿಯಂತೆ ಕಾಣುತ್ತದೆ.

ನಾನು ಎಡಿಟ್ ಮಾಡುವುದು ಡಾರ್ಕ್‌ಟೇಬಲ್‌ನಲ್ಲಿ. ಉಚಿತ ತಂತ್ರಾಂಶ, ತಿಂಗಳ ಬಾಡಿಗೆ ಇಲ್ಲ, ನನ್ನ ಬಜೆಟ್‌ಗೆ ಅದೇ ಸರಿ. ಈ ಫಿಲ್ಟರ್ ಬಂದ ಮೇಲೆ ಎಡಿಟಿಂಗ್ ತುಂಬ ಹಗುರಾಯಿತು. ಲೆನ್ಸ್ ಕರೆಕ್ಷನ್, ಎಕ್ಸ್‌ಪೋಶರ್, ಆಮೇಲೆ ಟೋನ್ ಈಕ್ವಲೈಜರ್‌ನಲ್ಲಿ ಮರದ ಬುಡದ ಕತ್ತಲನ್ನು ಸ್ವಲ್ಪ ಎತ್ತುವುದು. ಹೆಚ್ಚು ಕಮ್ಮಿ ಅಷ್ಟೇ. ಹಸಿರಿನ ಸ್ಯಾಚುರೇಶನ್ ಏರಿಸುವುದು ಹೋಗಲಿ, ಎಷ್ಟೋ ಸಲ ಇಳಿಸುತ್ತೇನೆ.

ಇನ್ನು ದೂರುಗಳು. ಮೊದಲನೆಯದು ಬಣ್ಣ. ಈ ಗಾಜು ಫೋಟೊಗೆ ಸಣ್ಣ ಹಳದಿ ಛಾಯೆ ಕೊಡುತ್ತದೆ. ಪೆಟ್ಟಿಗೆಯ ಮೇಲೆ ‘ನ್ಯೂಟ್ರಲ್’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ, ಸಿಟ್ಟು ಬರದೆ ಇರುತ್ತಾ? ಒಂದೇ ಬೆಳಕಿನಲ್ಲಿ ಒಂದು ಬಿಳಿ ಹಾಳೆಯನ್ನು ಫಿಲ್ಟರ್ ಹಾಕಿ, ಹಾಕದೆ ತೆಗೆದು ನೋಡಿ, ತಕ್ಷಣ ಗೊತ್ತಾಗುತ್ತದೆ. ನಾನು ತೆಗೆಯುವುದು ರಾ ಫೈಲ್ (ಸೆನ್ಸರ್ ಬರೆದಿಟ್ಟ ಕಚ್ಚಾ ಚಿತ್ರ) ಆದ್ದರಿಂದ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗಿ ಕಾಣಿಸುವ ಹೊಂದಾಣಿಕೆ, ಆಮೇಲೆ ಸರಿಮಾಡಿಕೊಳ್ಳಬಹುದು. ಜೆಪೆಗ್ ಮಾತ್ರ ತೆಗೆಯುವವರಿಗೆ ಇದು ಕಿರಿಕಿರಿಯೇ.

ಎರಡನೆಯದು, ಬೆಳಕು ತಿನ್ನುತ್ತದೆ. ಯಾವ ಸಿಪಿಎಲ್ ಆದರೂ ಒಂದರಿಂದ ಎರಡು ಸ್ಟಾಪ್ ಹೋಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ). ಮಳೆಗಾಲದ ತೋಟದಲ್ಲಿ ಬೆಳಕು ಮೊದಲೇ ಕಮ್ಮಿ. ಸೆಕೆಂಡಿನ 1/60ರಲ್ಲಿ ಸಿಗುತ್ತಿದ್ದ ಚಿತ್ರಕ್ಕೆ 1/20 ಬೇಕಾಗುತ್ತದೆ. ಕೈಯಲ್ಲಿ ಹಿಡಿದು ತೆಗೆಯುವುದಾದರೆ ಐಎಸ್‌ಒ (ಸೆನ್ಸರ್‌ನ ಸೂಕ್ಷ್ಮತೆ) ಏರಿಸಬೇಕು, ಅದರ ಜೊತೆ ನಾಯ್ಸ್, ಅಂದರೆ ಚಿತ್ರದಲ್ಲಿ ಕಾಳುಕಾಳು ಚುಕ್ಕೆ, ಬರುತ್ತದೆ. ಟ್ರೈಪಾಡ್ ಹೊರಲೇಬೇಕು. ಹಳ್ಳದ ನೀರು, ಅಬ್ಬಿ ತೆಗೆಯುವಾಗ ಮಾತ್ರ ಇದೇ ಅನುಕೂಲ. ಶಟರ್ ನಿಧಾನವಾಗಿ ನೀರು ನೂಲಿನಂತೆ ಬರುತ್ತದೆ, ಒದ್ದೆ ಬಂಡೆಯ ಹೊಳಪೂ ಹೋಗುತ್ತದೆ. ಟ್ರೈಪಾಡ್ ನೆಟ್ಟು ಕಾಯುವಾಗ ಉಂಬಳ ಕಾಲಿಗೆ ಹತ್ತುವುದನ್ನು ತಪ್ಪಿಸಲು ಯಾವ ಫಿಲ್ಟರೂ ಇಲ್ಲ ಬಿಡಿ.

ಮೂರನೆಯದು ನನಗೆ ಜಾಸ್ತಿ ಬೇಜಾರು ತಂದಿದ್ದು. ಕುಂದಾದ್ರಿ ಬೆಟ್ಟದ ಮೇಲೆ ನಿಂತು ಬೆಳಗಿನ ಕಣಿವೆಯನ್ನು 18 ಎಂಎಂನ ವೈಡ್ (ಅಗಲ ನೋಟದ) ಲೆನ್ಸ್‌ನಲ್ಲಿ ತೆಗೆದರೆ ಆಕಾಶ ಒಂದೇ ಸಮ ಬರುವುದಿಲ್ಲ. ಒಂದು ಕಡೆ ಕಪ್ಪುನೀಲಿ ಪಟ್ಟೆ, ಎರಡೂ ಬದಿ ತೆಳುನೀಲಿ. ಇದು ಗಾಜಿನ ತಪ್ಪಲ್ಲ. ಸೂರ್ಯನಿಗೆ 90 ಡಿಗ್ರಿ ದೂರದ ಆಕಾಶದಲ್ಲಿ ಫಿಲ್ಟರ್‌ನ ಪರಿಣಾಮ ಹೆಚ್ಚು, ಉಳಿದ ಕಡೆ ಕಮ್ಮಿ. ವೈಡ್ ಲೆನ್ಸ್ ಎರಡನ್ನೂ ಒಂದೇ ಚೌಕಟ್ಟಿಗೆ ತಂದುಬಿಡುತ್ತದೆ. ಆಮೇಲೆ ಎಡಿಟಿಂಗ್‌ನಲ್ಲಿ ಆ ಪಟ್ಟೆ ಅಳಿಸುವುದು ಒಂದು ದೊಡ್ಡ ತಲೆನೋವು. ಪಟ್ಟೆ ಬಾಗಿರುತ್ತದೆ, ಗ್ರೇಡಿಯೆಂಟ್ ಮಾಸ್ಕ್ (ಚಿತ್ರದ ಒಂದು ಭಾಗಕ್ಕೆ ಮಾತ್ರ ನಿಧಾನ ಇಳಿಯುತ್ತಾ ತಿದ್ದುಪಡಿ ಹಾಕುವ ಸಾಧನ) ಅದಕ್ಕೆ ಸರಿಯಾಗಿ ಕೂರುವುದಿಲ್ಲ, ಕೈಯಲ್ಲಿ ಮಾಸ್ಕ್ ಬಿಡಿಸಿದರೆ ಅಂಚು ಕಾಣುತ್ತದೆ. ಅಗಲ ಆಕಾಶ ಇದ್ದರೆ ಫಿಲ್ಟರ್ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ಜಾಹೀರಾತಿನಲ್ಲಿ ತೋರಿಸುವ ಕೆಲಸಕ್ಕೇ ಇದು ಇಷ್ಟು ತೊಂದರೆ ಕೊಡುತ್ತದೆ ಅನ್ನುವುದನ್ನು ಕೊಳ್ಳುವವರಿಗೆ ಮೊದಲೇ ಹೇಳಬೇಕು.

ಜೋಗಕ್ಕೆ ಹೋಗುವವರಿಗೆ ಒಂದು ಮಾತು. ಬಿಸಿಲು ಬಿದ್ದು ತುಂತುರಿನಲ್ಲಿ ಕಾಮನಬಿಲ್ಲು ಮೂಡಿದಾಗ ಬಳೆಯನ್ನು ನೋಡಿಕೊಂಡು ತಿರುಗಿಸಿ. ಕಾಮನಬಿಲ್ಲಿನ ಬೆಳಕೂ ಧ್ರುವೀಕರಣಗೊಂಡಿರುತ್ತದೆ, ಅಂದರೆ ಎಲೆಯ ಹೊಳಪಿನ ಹಾಗೆ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಒಂದು ಕಡೆ ತಿರುಗಿಸಿದರೆ ಬಿಲ್ಲಿನ ಆ ಭಾಗವೇ ಮಾಯ. ಇನ್ನೊಂದು ಕಡೆ ತಿರುಗಿಸಿದರೆ ಬರಿಗಣ್ಣಿಗೆ ಕಂಡಿದ್ದಕ್ಕಿಂತ ಗಾಢ. ಎರಡನ್ನೂ ನೋಡಿ ಖುಷಿಪಡಿ, ಆದರೆ ತೆಗೆಯುವುದು ಎರಡನೆಯದನ್ನು.

ಮನೆಗೆ ಬಂದ ಮೇಲಿನ ಕೆಲಸ ಹೇಳದಿದ್ದರೆ ಮಲೆನಾಡಿನ ವಿಮರ್ಶೆ ಆಗುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಗಾಜಿಗೂ ಬೂಸ್ಟು ಹಿಡಿಯುತ್ತದೆ. ಫಿಲ್ಟರನ್ನು ಬಿಚ್ಚಿ, ಬ್ಲೋವರ್‌ನಿಂದ ಧೂಳು ಊದಿ, ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸುತ್ತೇನೆ. ಎರಡು ಬಳೆಗಳ ಸಂದಿಯಲ್ಲಿ ನೀರು ಕೂತರೆ ಮಾರನೆಯ ದಿನ ತಿರುಗಿಸುವುದು ಬಿಗಿ. ಅದಕ್ಕೇ ಸ್ವಲ್ಪ ಹೊತ್ತು ಫ್ಯಾನ್ ಕೆಳಗೆ ಇಟ್ಟು, ಆಮೇಲೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಬಳಸಬಹುದು. ಅಡುಗೆಯ ಬಾಣಲೆ ಬೇಡ, ಬೇರೆಯದೇ ಇಟ್ಟುಕೊಳ್ಳಿ. ಲೆನ್ಸ್‌ಗೆ ಕಚ್ಚಿಕೊಂಡು ಫಿಲ್ಟರ್ ಬಿಚ್ಚಲು ಬಾರದಿದ್ದರೆ ಅದರ ಅಂಚಿಗೆ ಅಗಲದ ರಬ್ಬರ್ ಬ್ಯಾಂಡ್ ಸುತ್ತಿ ಮೆಲ್ಲಗೆ ತಿರುಗಿಸಿ. ಬೆರಳಿನಿಂದ ಗಟ್ಟಿ ಒತ್ತಿದಷ್ಟೂ ಬಳೆ ಸೊಟ್ಟಗಾಗಿ ಇನ್ನೂ ಕಚ್ಚಿಕೊಳ್ಳುತ್ತದೆ.

ಬಯಲುಸೀಮೆಯಲ್ಲಿ ಗುಡ್ಡ, ಆಕಾಶ ತೆಗೆಯುವವರಾದರೆ ಇದು ಅಷ್ಟು ತುರ್ತಿನ ವಸ್ತು ಅಲ್ಲ. ಕಾಡು, ತೋಟ, ಹಳ್ಳ ನಿಮ್ಮ ವಿಷಯವಾದರೆ ಇನ್ನೊಂದು ಲೆನ್ಸ್‌ಗೆ ದುಡ್ಡು ಕೂಡಿಡುವ ಮೊದಲು ಇದನ್ನು ಕೊಳ್ಳಿ. ಲೆನ್ಸ್‌ನ ಮುಂಭಾಗದಲ್ಲಿ ಸೊನ್ನೆಗೆ ಅಡ್ಡಗೆರೆ ಎಳೆದಂಥ ಗುರುತಿನ ಪಕ್ಕದ ಸಂಖ್ಯೆಯೇ ಫಿಲ್ಟರ್ ಅಳತೆ. ಎರಡು ಲೆನ್ಸ್ ಇದ್ದರೆ ದೊಡ್ಡ ಅಳತೆಯದನ್ನೇ ಕೊಂಡು, ಚಿಕ್ಕದಕ್ಕೆ ಸ್ಟೆಪ್-ಅಪ್ ರಿಂಗ್ (ಅಳತೆ ಹೊಂದಿಸುವ ಬಳೆ) ಹಾಕಿ. ಅಂಗಡಿಯಲ್ಲಿ ಕೊಳ್ಳುವಾಗ ಲ್ಯಾಪ್‌ಟಾಪ್ ಪರದೆಯ ಎದುರು ಹಿಡಿದು, ಕ್ಯಾಮೆರಾಗೆ ಹಾಕುವ ಬದಿ ನಿಮ್ಮ ಕಡೆ ಇರಲಿ, ಒಂದು ಸುತ್ತು ತಿರುಗಿಸಿ. ಪರದೆ ಎಲ್ಲಾದರೂ ಒಂದು ಕಡೆ ಪೂರ್ತಿ ಕಪ್ಪಾಗಬೇಕು. ಬರೀ ಮಂಕಾದರೆ ವಾಪಸ್ ಕೊಡಿ.