ಉಳ್ಳಾಗಡ್ಡಿ, ಪುಂಡಿಪಲ್ಯೆ, ಮಾವಿನಕಾಯಿ: ಮೂರು ಸಾವಿರದ ಚಾಕುವಿನ ಪರೀಕ್ಷೆ

ಸ್ವಿಟ್ಜರ್‌ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಅಡುಗೆ ಚಾಕು ಕೊಂಡರೆ ಕೊಟ್ಟ ದುಡ್ಡು ಸಾರ್ಥಕವಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನೀವು ನಿಂತು ಹೆಚ್ಚುತ್ತೀರೋ, ಕೂತು ಹೆಚ್ಚುತ್ತೀರೋ? ಈಳಿಗೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಿಂದ ಕಾಯಿಪಲ್ಯೆ ಹಿಡಿದು ಕೊಯ್ಯುವ ರೂಢಿ ಇದ್ದವರಿಗೆ ಮೂರು ಸಾವಿರದ ಚಾಕು ಬೇಕಾಗಿಲ್ಲ. ಆ ಕೈಗೆ ಅದು ಒಗ್ಗುವುದೂ ಕಷ್ಟ. ಅಡುಗೆ ಕಟ್ಟೆಯ ಮೇಲೆ ಮಣೆ ಇಟ್ಟು ನಿಂತು ಹೆಚ್ಚುವವರ ಮಾತು ಬೇರೆ. ಮುಂದೆ ಬರೆದಿರುವುದು ಅವರಿಗಾಗಿ.

ಕೊಪ್ಪಳದ ನಮ್ಮ ಮನೆಯಲ್ಲಿ ಎರಡೂ ನಡೆಯುತ್ತವೆ. ಅತ್ತೆಯವರದು ಈಳಿಗೆ, ನನ್ನದು ಚಾಕು. ಮನೆ ಮಂದಿಯ ಅಡುಗೆಯಲ್ಲದೆ ಕುಬಸ, ತೊಟ್ಟಿಲು, ಗೃಹಪ್ರವೇಶಕ್ಕೆ ಆರ್ಡರ್ ಹಿಡಿದು ಅಡುಗೆ ಮಾಡಿಕೊಡುತ್ತೇನೆ. ಉಳ್ಳಾಗಡ್ಡಿ ನಮ್ಮಲ್ಲಿಗೆ ಚೀಲದಲ್ಲೇ ಬರುತ್ತದೆ. ಹಾಗಾಗಿ ಚಾಕುವಿನ ಗುಣ ಏನು ಅನ್ನುವುದು ನನಗೆ ಮೊದಲು ಗೊತ್ತಾಗುವುದು ಮೊಣಕೈಯಲ್ಲಿ, ಕಣ್ಣಿಗೆ ಕಾಣುವುದು ಆಮೇಲೆ.

ಹೋಲಿಸಿ ನೋಡಿದ್ದು ಇವನ್ನು: ಗವಿಮಠದ ಜಾತ್ರೆಯ ಅಂಗಡಿ ಸಾಲಿನಿಂದ ತಂದ, ನೂರು ರೂಪಾಯಿ ಒಳಗಿನ, ಹೆಸರಿಲ್ಲದ ಸ್ಟೀಲ್ ಚಾಕು. ಕಂಬಾರರು ಕುಲುಮೆಯಲ್ಲಿ ಕಾಯಿಸಿ ಬಡಿದು ಕೊಟ್ಟ ಚಾಕು. ವಿಕ್ಟೋರಿನಾಕ್ಸ್‌ನ ಫೈಬ್ರಾಕ್ಸ್ ಎಂಬ ಹಿಡಿಯ 20 ಸೆಂ.ಮೀ. ಅಲಗಿನ ದೊಡ್ಡ ಚಾಕು, ಜೊತೆಗೆ ಅದೇ ಕಂಪನಿಯ ಹಲ್ಲಿನ ಅಲಗಿನ ಸಣ್ಣ ಚಾಕು. ಕೊನೆಯದು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮೈದುನ ತಂದ ಜಪಾನಿ ಚಾಕು. ಅದರ ಬೆಲೆ ದೊಡ್ಡ ವಿಕ್ಟೋರಿನಾಕ್ಸ್‌ಗಿಂತ ಎಷ್ಟೋ ಮೇಲೆ.

ವಿಕ್ಟೋರಿನಾಕ್ಸ್ ಅಂದಕೂಡಲೆ ನೆನಪಾಗುವುದು ಜೇಬಿನಲ್ಲಿ ಮಡಚಿಡುವ ಕೆಂಪು ಸ್ವಿಸ್ ಚಾಕು. 1884ರಲ್ಲಿ ಸ್ವಿಟ್ಜರ್‌ಲೆಂಡಿನ ಇಬಾಕ್ ಎಂಬ ಊರಲ್ಲಿ ಕಾರ್ಲ್ ಎಲ್ಸೆನರ್ ಶುರು ಮಾಡಿದ ಕಾರ್ಖಾನೆ ಅದು. ಅವರ ಫೈಬ್ರಾಕ್ಸ್ ಅಡುಗೆ ಚಾಕುವನ್ನು ಉಕ್ಕಿನ ಹಾಳೆಯಿಂದ ಕತ್ತರಿಸಿ ತೆಗೆಯುತ್ತಾರೆ, ಕಾಯಿಸಿ ಬಡಿದು ಮಾಡುವುದಿಲ್ಲ. ಅದು ಹಗುರ ಇರುವುದಕ್ಕೂ, ಜರ್ಮನಿಯ ಸೋಲಿಂಗನ್ ಊರಿನ ಬಡಿದು ಮಾಡಿದ ಚಾಕುಗಳಿಗಿಂತ ಅಗ್ಗ ಇರುವುದಕ್ಕೂ ಇದೇ ಕಾರಣ. ಹಿಡಿ ಪ್ಲಾಸ್ಟಿಕ್ ಜಾತಿಯದು, ಕರಿ ಬಣ್ಣ. ನೋಡಲು ಅಂದವೇನಿಲ್ಲ. ಆದರೆ ಕೈಗೆ ಎಣ್ಣೆ ಹತ್ತಿದ್ದರೂ ಜಾರುವುದಿಲ್ಲ. ಒಂದು ಕಡೆ ಬಜ್ಜಿ ಕರಿಯುತ್ತ ಇನ್ನೊಂದು ಕಡೆ ಕೊತ್ತಂಬರಿ ಹೆಚ್ಚುವವರಿಗೆ ಇದರ ಬೆಲೆ ಗೊತ್ತು.

ಮೊದಲು ಉಳ್ಳಾಗಡ್ಡಿ. ಮಂಡಕ್ಕಿ ಒಗ್ಗರಣೆಗೆ, ಮಿರ್ಚಿ ಜೊತೆ ಕೊಡುವುದಕ್ಕೆ ತೆಳ್ಳಗೆ, ಒಂದೇ ಸಮ ಬೇಕು. ಗಡ್ಡೆಯನ್ನು ಎರಡು ಹೋಳು ಮಾಡಿ ಕೊಯ್ದ ಮುಖ ಕೆಳಗೆ ಮಾಡಿ ಇಟ್ಟರೆ, ಮೇಲಿನ ಪದರ ನುಣುಪಾಗಿ ಗುಂಡಗಿರುತ್ತದೆ. ಅಲಗು ಮೊಂಡಿದ್ದರೆ ಅಲ್ಲೇ ಜಾರಿ ಬೆರಳಿನ ಕಡೆ ಬರುತ್ತದೆ. ಜಾತ್ರೆ ಚಾಕು ಮೊದಲ ವಾರ ಚೆನ್ನಾಗಿಯೇ ಕೊಯ್ಯಿತು. ಆಮೇಲೆ ಮೇಲಿನ ಪದರದ ಮೇಲೆ ಜಾರತೊಡಗಿತು, ಒತ್ತಿ ಕೊಯ್ಯಬೇಕಾಯಿತು, ಒತ್ತಿದಷ್ಟೂ ಕಣ್ಣುರಿ. ಮೊಂಡು ಅಲಗು ಪದರವನ್ನು ಜಜ್ಜುತ್ತದೆ, ರಸ ಹೆಚ್ಚು ಹೊರಗೆ ಬರುತ್ತದೆ, ಕಣ್ಣಿಗೆ ಹತ್ತುವುದು ಆ ರಸದಿಂದೇಳುವ ಘಾಟು. ಕಂಬಾರರ ಚಾಕು ಹರಿತ ಇದೆ, ಆದರೆ ಅದರ ಬೆನ್ನು ದಪ್ಪ. ಅರ್ಧ ಇಳಿಯುವಷ್ಟರಲ್ಲಿ ಉಳ್ಳಾಗಡ್ಡಿ ತಾನೇ ಸೀಳಿ ಬೇರೆಯಾಗುತ್ತದೆ, ತೆಳು ಎಸಳು ಬರುವುದಿಲ್ಲ. ವಿಕ್ಟೋರಿನಾಕ್ಸ್ ಅಲಗು ಬೆನ್ನಿನ ಹತ್ತಿರವೇ ಎರಡು ಮಿ.ಮೀ. ಆಸುಪಾಸು, ಬಾಯಿಯ, ಅಂದರೆ ಕೊಯ್ಯುವ ಅಂಚಿನ ಕಡೆ ಇನ್ನೂ ತೆಳು. ಅದರ ಭಾರಕ್ಕೇ ಅದು ಇಳಿಯುತ್ತದೆ. ಹೋಳು ಮಣೆ ಮೇಲೆ ಒರಗಿ ಬೀಳುವ ಮೊದಲು ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತದೆ, ಅಷ್ಟು ನುಣ್ಣಗೆ ಕೊಯ್ದಿರುತ್ತದೆ. ಜಪಾನಿ ಚಾಕು ಇದಕ್ಕಿಂತ ಒಂದು ಕೈ ಮೇಲೆ, ಅದನ್ನು ಒಪ್ಪಲೇಬೇಕು. ಆದರೆ ಬಾಣಲೆಗೆ ಬಿದ್ದ ಮೇಲೆ ಆ ವ್ಯತ್ಯಾಸ ತಿನ್ನುವವರಿಗೆ ಗೊತ್ತಾಗುವುದಿಲ್ಲ.

ಪುಂಡಿಪಲ್ಯೆಯ ಪರೀಕ್ಷೆ ಬೇರೆ ಥರ. ಅದು ಹುಳಿ ಸೊಪ್ಪು. ಕಂಬಾರರ ಚಾಕುವಿನಲ್ಲಿ ಕೊಯ್ದರೆ ಕೊಯ್ದ ಅಂಚು ಕಪ್ಪಾಗುತ್ತದೆ, ಅಲಗೂ ಕಪ್ಪಾಗುತ್ತದೆ, ಬೇಗ ತೊಳೆಯದಿದ್ದರೆ ಪಲ್ಯೆಗೆ ಕಬ್ಬಿಣದ ವಾಸನೆ ಬರುತ್ತದೆ. ನಿಂಬೆಹಣ್ಣು, ಟೊಮೆಟೊ, ಹುಣಸೆ ಎಲ್ಲದಕ್ಕೂ ಇದೇ ಕಥೆ. ಉಕ್ಕಿಗೆ ತುಕ್ಕು ಹಿಡಿಯಬಾರದು ಅಂದರೆ ಅದರಲ್ಲಿ ನೂರಕ್ಕೆ ಹತ್ತೂವರೆ ಪಾಲಾದರೂ ಕ್ರೋಮಿಯಂ ಇರಬೇಕು. ವಿಕ್ಟೋರಿನಾಕ್ಸ್‌ನ ಉಕ್ಕಿನಲ್ಲಿ ಹದಿನೈದರ ಹತ್ತಿರ ಇರುತ್ತದೆ, ಇಂಗಾಲ ನೂರಕ್ಕೆ ಅರ್ಧ ಪಾಲು. ಕಂಬಾರರ ಚಾಕು ಲಾರಿಯ ಹಳೇ ಕಮಾನು ಪಟ್ಟಿಯದು. ಆ ಉಕ್ಕಿನಲ್ಲಿ ಇಂಗಾಲ ಇದಕ್ಕಿಂತ ತುಸು ಹೆಚ್ಚೇ, ಆದರೆ ಕ್ರೋಮಿಯಂ ಒಂದು ಪಾಲಿನ ಆಸುಪಾಸು ಇದ್ದರೆ ಹೆಚ್ಚು. ಹಾಗಾಗಿ ಬಾಯಿಯ ಹರಿತ ನಿಲ್ಲುತ್ತದೆ, ಬಣ್ಣ ನಿಲ್ಲುವುದಿಲ್ಲ. ಕಂಬಾರರು ಕೊಡುವಾಗಲೇ ಹೇಳಿದ್ದರು: “ಯಕ್ಕಾ, ಇದು ಲಾರಿ ಕಮಾನ್ ಪಟ್ಟಿ ಐತ್ರಿ. ತೊಳದ ಕೂಡ್ಲೆ ಒರಸ್ರಿ, ಎಣ್ಣಿ ಸವರಿ ಇಡ್ರಿ. ನಿಮ್ಮ ಮಗಳ ಕಾಲಕ್ಕೂ ಬಾಳಿಕಿ ಬರತೈತಿ.” ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಆರ್ಡರ್ ದಿನ ನಾಲ್ಕು ಜನ ಒಂದೇ ಚಾಕು ಹಿಡಿಯುವಾಗ ಒರೆಸಿ ಎಣ್ಣೆ ಸವರುವವರು ಯಾರು?

ಇಲ್ಲಿ ಒಂದು ಮಾತು ಹೇಳಲೇಬೇಕು. ಪಕ್ಕದ ಸಂಡೂರಿನ ಗುಡ್ಡಗಳಲ್ಲಿ ಅದಿರು, ತೋರಣಗಲ್ಲಿನಲ್ಲಿ ಅಷ್ಟು ದೊಡ್ಡ ಉಕ್ಕಿನ ಕಾರ್ಖಾನೆ. ಆದರೂ ನಮ್ಮ ಕಂಬಾರರ ಕೈಗೆ ಸಿಗುವುದು ಲಾರಿಯಿಂದ ಕಳಚಿದ ಹಳೇ ಪಟ್ಟಿ. ಅವರ ಕೈಚಳಕ ನೋಡಿದವರಿಗೆ ಗೊತ್ತು, ಅಡುಗೆಗೆ ತಕ್ಕ ತೆಳು ಉಕ್ಕಿನ ಹಾಳೆ ಅವರ ಕುಲುಮೆಗೆ ಬಂದರೆ ನಾನು ಈ ಹೋಲಿಕೆಯನ್ನು ಬೇರೆ ಥರ ಬರೆಯಬೇಕಾಗುತ್ತಿತ್ತು.

ಎಣಗಾಯಿಗೆ ಬದನೆಕಾಯಿ ಕೊಯ್ಯುವಾಗ ದೊಡ್ಡ ಚಾಕು ಯಾವುದೂ ಬೇಡ. ತೊಟ್ಟು ಹಿಡಿದು, ಕೆಳಗಿನಿಂದ ನಾಲ್ಕು ಸೀಳು, ತೊಟ್ಟಿನ ಹತ್ತಿರ ನಿಲ್ಲಬೇಕು. ಮಿರ್ಚಿಗೆ ಮೆಣಸಿನಕಾಯಿ ಸೀಳಿ ಬೀಜ ತೆಗೆಯುವುದೂ ಹಾಗೇ. ಇಂಥ ಕೆಲಸಕ್ಕೆ ಸಣ್ಣ ವಿಕ್ಟೋರಿನಾಕ್ಸ್‌ಗೆ ನಾನು ನೋಡಿದವುಗಳಲ್ಲಿ ಸಾಟಿ ಇಲ್ಲ. ಹಣ್ಣಾದ ಟೊಮೆಟೊ ಮೇಲೆ ಇಟ್ಟು ಎಳೆದರೆ ಸಾಕು, ಸಿಪ್ಪೆ ಜಗ್ಗುವುದಿಲ್ಲ, ರಸ ಚೆಲ್ಲುವುದಿಲ್ಲ. ದೊಡ್ಡದರ ಬೆಲೆಗೆ ಹೋಲಿಸಿದರೆ ಇದರದು ಬಹಳ ಕಡಿಮೆ, ಕೆಲವು ನೂರುಗಳಲ್ಲಿ ಮುಗಿಯುತ್ತದೆ. ಹಲ್ಲಿನ ಅಲಗನ್ನು ಮನೆಯಲ್ಲಿ ಮಸೆಯುವುದು ಕಷ್ಟ, ಸವೆದರೆ ಹೊಸದು ತರುವುದೇ ಸುಲಭ. ಆದರೆ ನನ್ನ ಕೈಯಲ್ಲಿರುವುದು ಇನ್ನೂ ಸವೆದಿಲ್ಲ.

ಮಾವಿನಕಾಯಿ ಬಂದಾಗ ಸರದಿ ತಿರುಗುತ್ತದೆ. ಬೇಸಿಗೆಯಲ್ಲಿ ಕೊಪ್ಪಳದಲ್ಲಿ ಮಾವು ಮೇಳ ನಡೆಯುವ ಹೊತ್ತಿಗೆ ಮನೆಮನೆಯಲ್ಲಿ ಉಪ್ಪಿನಕಾಯಿಯ ಗಡಿಬಿಡಿ. ವಾಟೆ ಸಮೇತ ಹೋಳು ಮಾಡಬೇಕು. ಆ ಕೆಲಸಕ್ಕೆ ವಿಕ್ಟೋರಿನಾಕ್ಸ್ ಮುಟ್ಟಬೇಡಿ, ಜಪಾನಿಯನ್ನಂತೂ ಹತ್ತಿರಕ್ಕೂ ತರಬೇಡಿ. ತೆಳು ಅಲಗು ಗಟ್ಟಿ ವಾಟೆಗೆ ಬಡಿದರೆ ಒಂದೋ ಬಾಯಿ ಹೊರಳುತ್ತದೆ, ಇಲ್ಲವೆ ಚಕ್ಕೆ ಏಳುತ್ತದೆ. ಕಂಬಾರರ ಚಾಕು ಒಂದೇ ಏಟಿಗೆ ಎರಡು ಹೋಳು ಮಾಡಿತು, ಅಲಗಿನ ಮೇಲೆ ಗೀರೂ ಇಲ್ಲ. ತೆಂಗಿನಕಾಯಿ, ಹಸಿ ಕುಂಬಳಕಾಯಿ, ಮೂಳೆ ಇರುವ ಮಾಂಸ ಎಲ್ಲ ಅದರ ಪಾಲಿನವೇ. ಉಳ್ಳಾಗಡ್ಡಿಗೆ ಅಡ್ಡಿಯಾದ ದಪ್ಪ ಬೆನ್ನು ಇಲ್ಲಿ ಆಸರೆ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ, ಮಸೆಯುವುದು. ಚಾಕು ಕೊಳ್ಳುವ ಮೊದಲು ಇದನ್ನು ತಿಳಿದುಕೊಳ್ಳದಿದ್ದರೆ ಎಷ್ಟು ದುಡ್ಡು ಹಾಕಿದರೂ ವ್ಯರ್ಥ. ಉಕ್ಕಿನ ಗಡಸುತನವನ್ನು ರಾಕ್‌ವೆಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ವಿಕ್ಟೋರಿನಾಕ್ಸ್‌ನ ಅಡುಗೆ ಚಾಕುಗಳು 55ರಿಂದ 56. ಸೋಲಿಂಗನ್ನಿನ ಹೆಸರಾಂತ ಚಾಕುಗಳು 57, 58ರ ಹತ್ತಿರ. ಮೈದುನ ತಂದದ್ದು ವಿಜಿ-10 ಎಂಬ ಜಪಾನಿ ಉಕ್ಕು, ಅದು 60ರ ಆಸುಪಾಸು. ಅಂಕಿ ಮೇಲಿದ್ದಷ್ಟೂ ಹರಿತ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಅಷ್ಟೇ ಬೇಗ ಚಕ್ಕೆ ಏಳುತ್ತದೆ, ಮಸೆಯಲು ಅಷ್ಟೇ ಹೆಚ್ಚು ಹೊತ್ತು ಬೇಕು. ಅಂಕಿ ಕೆಳಗಿದ್ದರೆ ಬಾಯಿ ಒಡೆಯುವುದಿಲ್ಲ, ಒಂದು ಮಗ್ಗುಲಿಗೆ ಹೊರಳುತ್ತದೆ. ಹೊರಳಿದ ಬಾಯಿ ಮೊಂಡಾದ ಹಾಗೆ ಕಾಣುತ್ತದೆ, ನಿಜವಾಗಿ ಮೊಂಡಾಗಿರುವುದಿಲ್ಲ. ಸ್ಟೀಲಿನ ಮಸೆಯುವ ರಾಡಿನ ಮೇಲೆ ಒಂದೊಂದು ಮಗ್ಗುಲಿಗೆ ನಾಲ್ಕೈದು ಸಲ ಹಗುರವಾಗಿ ಎಳೆದರೆ ಮತ್ತೆ ನೆಟ್ಟಗಾಗುತ್ತದೆ. ರಾಡು ಇಲ್ಲದಿದ್ದರೆ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ತಳದಲ್ಲಿ ಹೊಳಪಿಲ್ಲದ ಒರಟು ಅಂಚು ಇರುತ್ತದಲ್ಲ, ಅದರ ಮೇಲೆ ಎಳೆದರೂ ನಡೆಯುತ್ತದೆ.

ದೊಡ್ಡ ಕೆಲಸಕ್ಕೆ ಮೊದಲು ಇಷ್ಟು ಮಾಡುವವರಿಗೆ ವಿಕ್ಟೋರಿನಾಕ್ಸ್ ಯಾವತ್ತೂ ಕೈ ಕೊಡುವುದಿಲ್ಲ. ಮಾಡದವರಿಗೆ ಎರಡು ತಿಂಗಳಲ್ಲಿ ಅದಕ್ಕೂ ಜಾತ್ರೆ ಚಾಕುವಿಗೂ ವ್ಯತ್ಯಾಸ ಕಾಣದಂತಾಗುತ್ತದೆ. ಮೆದು ಉಕ್ಕು ಅನ್ನುವುದನ್ನು ಕೊರತೆ ಅಂತ ಎಣಿಸುವವರಿದ್ದಾರೆ. ನಾಲ್ಕು ಕೈಗಳು ಓಡಾಡುವ ಅಡುಗೆಮನೆಗೆ ನಾನು ಅದನ್ನು ಗುಣ ಅಂತಲೇ ಹೇಳುತ್ತೇನೆ. ಜಪಾನಿ ಚಾಕು ಸಿಂಕಿನಲ್ಲಿ ಪಾತ್ರೆಗೆ ತಾಗಿ ಒಂದು ಕಡೆ ಅಕ್ಕಿ ನುಚ್ಚಿನಷ್ಟು ಚಕ್ಕೆ ಹೋಯಿತು. ಅದನ್ನು ಸರಿಮಾಡಲು ಸಾಣೆಕಲ್ಲಿನ ಮೇಲೆ ಇಡೀ ಬಾಯಿಯನ್ನೇ ಆ ಚಕ್ಕೆಯ ಆಳಕ್ಕೆ ಸವೆಸಬೇಕಾಯಿತು, ಒಂದು ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು. ಒಬ್ಬರೇ ಬಳಸುವ, ಬಳಸಿದ ಕೂಡಲೆ ಒರೆಸಿ ಒಳಗಿಡುವ ಮನೆಯಲ್ಲಿ ಅದು ಚಿನ್ನದಂಥ ಚಾಕು. ನಮ್ಮ ಮನೆ ಅಂಥದ್ದಲ್ಲ.

ರಾಡು ಬಾಯಿಯನ್ನು ನೆಟ್ಟಗೆ ಮಾಡುತ್ತದೆಯೇ ಹೊರತು ಹೊಸ ಬಾಯಿ ತೆಗೆಯುವುದಿಲ್ಲ. ಆಗಾಗ ಸಾಣೆಕಲ್ಲು ಬೇಕೇ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಮುಖದ ಕಾರ್ಬೊರಂಡಂ ಕಲ್ಲು ಸಾಕು, ಒಂದು ಮುಖ ಒರಟು, ಇನ್ನೊಂದು ನುಣುಪು. ಕಲ್ಲಿಗೆ ನೀರು ಹಾಕಿ, ಅಲಗನ್ನು ಹದಿನೈದು ಇಪ್ಪತ್ತು ಡಿಗ್ರಿ ಓರೆ ಮಾಡಿ, ಹಿಡಿಯ ಹತ್ತಿರದ ಹಿಮ್ಮಡಿಯಿಂದ ತುದಿಯವರೆಗೆ ಎಳೆಯುತ್ತ ಹೋಗಿ. ಆಚೆ ಮಗ್ಗುಲಿಗೆ ಬೆರಳ ತುದಿಯನ್ನು ಬೆನ್ನಿನಿಂದ ಬಾಯಿ ಕಡೆ ಹಗುರವಾಗಿ ಸವರಿದರೆ ಒಂದು ಸಣ್ಣ ಒರಟು ತಾಗುತ್ತದೆ. ಅದು ತಾಗಿದರೆ ಈ ಮಗ್ಗುಲು ಮುಗಿಯಿತು, ತಿರುಗಿಸಿ. ಕೊನೆಗೆ ನುಣುಪು ಮುಖದ ಮೇಲೆ ಎರಡೂ ಕಡೆ ಸಲೀಸಾಗಿ ಎಳೆದು ಆ ಒರಟನ್ನು ತೆಗೆದುಬಿಡಿ.

ಓಣಿಗೆ ಬರುವ ಸಾಣೆ ಹಿಡಿಯುವವರಿಗೆ ಕತ್ತರಿ, ಕುಡಗೋಲು, ಈಳಿಗೆ ಕೊಡಿ. ಅವುಗಳಿಗೆ ಅವರ ಚಕ್ರವೇ ಸರಿ. ತೆಳು ಸ್ಟೇನ್‌ಲೆಸ್ ಅಲಗನ್ನು ಮಾತ್ರ ಒಣ ಚಕ್ರಕ್ಕೆ ಕೊಡಬೇಡಿ. ಕಿಡಿ ಹಾರುವಷ್ಟು ಉಜ್ಜಿದರೆ ಬಾಯಿ ಕಾದು ನೀಲಿ ಬಣ್ಣ ತಿರುಗುತ್ತದೆ, ಹಾಗೆ ತಿರುಗಿದ ಕಡೆ ಉಕ್ಕಿನ ಹದ ಹೋಗಿರುತ್ತದೆ. ಆಮೇಲೆ ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲುವುದಿಲ್ಲ.

ನಮ್ಮ ಕಡೆಯ ಬೋರಿನ ನೀರು ಗಡಸು. ತೊಳೆದು ಹಾಗೇ ಬಿಟ್ಟರೆ ಅಲಗಿನ ಮೇಲೆ ಬಿಳಿ ಕಲೆ ಕೂರುತ್ತದೆ, ಉಪ್ಪು ಹುಳಿ ಹಾಗೇ ಇದ್ದರೆ ಸ್ಟೇನ್‌ಲೆಸ್‌ಗೂ ಚುಕ್ಕೆ ಬೀಳುತ್ತದೆ. ಬಟ್ಟೆಯಿಂದ ಒಂದು ಸಲ ಒರೆಸಿದರೆ ಮುಗಿಯಿತು. ಮಣೆ ಕಟ್ಟಿಗೆಯದೇ ಇರಲಿ. ಗ್ರಾನೈಟ್ ಕಟ್ಟೆಯ ಮೇಲೆ, ಸ್ಟೀಲ್ ತಾಟಿನಲ್ಲಿ ಇಟ್ಟು ಹೆಚ್ಚಿದರೆ ಯಾವ ದೇಶದ ಚಾಕುವೂ ಉಳಿಯುವುದಿಲ್ಲ.

ಅತ್ತೆಯವರ ಕೈಗೂ ದೊಡ್ಡ ವಿಕ್ಟೋರಿನಾಕ್ಸ್ ಕೊಟ್ಟು ನೋಡಿದೆ. ಎರಡು ಸವತೆಕಾಯಿ ಕೊಯ್ದು ಕೆಳಗಿಟ್ಟರು. “ಹಗುರ ಐತವ್ವಾ, ಹರಿತನೂ ಐತಿ. ಆದ್ರ ನನ್ನ ಕೈಗೆ ಕೂಡವಲ್ದು” ಅಂದರು. ಆದರೆ ಮೆಂತ್ಯ ಸೊಪ್ಪಿನ ಕಟ್ಟನ್ನು ಈಳಿಗೆಯ ಮೇಲೆ ಅವರು ಮುಗಿಸುವ ವೇಗಕ್ಕೆ ನನ್ನ ಯಾವ ಚಾಕುವೂ ಹತ್ತಿರ ಬರುವುದಿಲ್ಲ. ಸೊಪ್ಪಿಗೆ, ಹೀರೇಕಾಯಿಗೆ, ಉದ್ದನೆಯ ಅವರೆಗೆ ಈಳಿಗೆಯೇ ಮುಂದೆ. ಕೆಲಸದವರು ನೆಲದ ಮೇಲೆ ಕೂತು ಹೆಚ್ಚುವ ಮನೆಗೆ ಚಾಕುವಿನ ಬದಲು ಒಳ್ಳೆ ಈಳಿಗೆ ಮಾಡಿಸಿ.

ನನ್ನ ಲೆಕ್ಕದಲ್ಲಿ ಕೊಳ್ಳುವ ಕ್ರಮ ಹೀಗಿರಲಿ. ಮೊದಲು ಸಣ್ಣ ಹಲ್ಲಿನ ಚಾಕು, ಎಲ್ಲರಿಗೂ. ಅದರ ಜೊತೆಗೇ ಕಲ್ಲು, ರಾಡು. ಈಗ ಮನೆಯಲ್ಲಿರುವ ಹಳೇ ಚಾಕುವನ್ನೇ ಅದರ ಮೇಲೆ ಮಸೆದು ಕೈ ಪಳಗಿಸಿಕೊಳ್ಳಿ. ಕೈ ಪಳಗಿದ ಮೇಲೂ ದಿನಾ ಕಿಲೋಗಟ್ಟಲೆ ಹೆಚ್ಚುವ ಕೆಲಸ ಇದ್ದರೆ ಆಗ ಮೂರು ಸಾವಿರದ ದೊಡ್ಡದು ತನ್ನಿ. 20 ಸೆಂ.ಮೀ. ಅಲಗು ಸಾಕು, 25 ಸೆಂ.ಮೀ. ಅಲಗು ನಮ್ಮ ಮಣೆಗಳಿಗೆ ಉದ್ದವಾಗುತ್ತದೆ. ಮೂರ್ನಾಲ್ಕು ಜನರ ಮನೆಗೆ ದೊಡ್ಡದು ಅಗತ್ಯವಲ್ಲ, ಆ ದುಡ್ಡಿನಲ್ಲಿ ಕಂಬಾರರಿಂದ ಒಂದು ಚಾಕು ಮಾಡಿಸಿಕೊಂಡರೆ ಮಾವಿನಕಾಯಿಗೂ ತೆಂಗಿನಕಾಯಿಗೂ ಆಗುತ್ತದೆ, ಹಣವೂ ಉಳಿಯುತ್ತದೆ. ದೊಡ್ಡದನ್ನು ಆನ್‌ಲೈನಿನಲ್ಲಿ ತರಿಸುವುದಾದರೆ ಮಾರುವವರು ಯಾರು ಅಂತ ಮೊದಲು ನೋಡಿ, ಬಿಲ್ ಇಲ್ಲದೆ ಅರ್ಧ ಬೆಲೆಗೆ ಕೊಡುತ್ತೇವೆ ಅನ್ನುವವರ ಹತ್ತಿರ ಕೊಳ್ಳಬೇಡಿ. ಕೈಗೆ ಬಂದ ಕೂಡಲೆ ಅಲಗಿನ ಮೇಲಿನ ಮುದ್ರೆ ಸ್ಪಷ್ಟವಾಗಿದೆಯಾ, ಹಿಡಿಗೂ ಅಲಗಿಗೂ ನಡುವೆ ಸಂದಿ ಇದೆಯಾ, ಬೆನ್ನು ಹಿಡಿದು ಉದ್ದಕ್ಕೆ ನೋಡಿದರೆ ನೆಟ್ಟಗಿದೆಯಾ ನೋಡಿ. ಸಂದಿ ಇದ್ದರೆ, ಬಾಗಿದ್ದರೆ ಅವತ್ತೇ ವಾಪಸ್ ಕಳಿಸಿ.