ಆಯಿಲ್ ಚೇಂಜ್ ಆದ ಮೇಲೆ ಬೆಳಗ್ಗೆಯ ಕಟಕಟ: ಫಿಲ್ಟರ್ ಬದಲಿಸಿ ನೋಡಿದೆ, ಆಯಿಲ್ ಬದಲಿಸಿ ನೋಡಿದೆ

ಆಯಿಲ್ ಚೇಂಜ್ ಆದ ಮೇಲೆ ಗಾಡಿಯಿಂದ ಎರಡು ಥರದ ಕಟಕಟ ಬರಬಹುದು. ಒಂದು, ಗ್ಯಾರೇಜಿನಲ್ಲೇ ಹೊಸ ಆಯಿಲ್ ಸುರಿದು ಮೊದಲ ಸಲ ಸ್ಟಾರ್ಟ್ ಮಾಡಿದಾಗ ಬರುವುದು. ಇನ್ನೊಂದು, ರಾತ್ರಿಯಿಡೀ ನಿಂತ ಗಾಡಿಗೆ ಮಾರನೇ ದಿನ ಬೆಳಗ್ಗೆ ಸೆಲ್ಫ್ ಹೊಡೆದಾಗ ಬರುವುದು. ಕಿವಿಗೆ ಎರಡೂ ಒಂದೇ. ಕಾರಣ ಮಾತ್ರ ಬೇರೆ. ಗ್ಯಾರೇಜ್ ಮುಂದೆ ನಡೆಯುವ ಜಗಳದಲ್ಲಿ ಮುಕ್ಕಾಲು ಪಾಲು ಈ ಎರಡನ್ನೂ ಕಲಸಿ ಮಾತಾಡುವುದರಿಂದ ಹುಟ್ಟಿದ್ದು. ಒಬ್ಬರು ಆಯಿಲ್ ಸರಿಯಿಲ್ಲ ಅನ್ನುತ್ತಾರೆ, ಇನ್ನೊಬ್ಬರು ಫಿಲ್ಟರ್ ಡೂಪ್ಲಿಕೇಟ್ ಅನ್ನುತ್ತಾರೆ. ಮೇಸ್ತ್ರಿ ಮಾತ್ರ "ಎರಡು ದಿನ ಓಡ್ಸಿ, ಅದೇ ಸರಿಹೋಗುತ್ತೆ" ಅಂತ ಕೈ ಒರೆಸಿಕೊಳ್ಳುತ್ತಾರೆ.

ನನ್ನ ಹತ್ತಿರ ಎರಡು ಗಾಡಿ ಇವೆ. ಕೋಲಾರದ ಎಪಿಎಂಸಿಯಿಂದ ಟೊಮೆಟೊ ಹೊರುವ ನಾಲ್ಕು ಸಿಲಿಂಡರಿನ ಡೀಸೆಲ್ ಪಿಕಪ್ ಒಂದು, ಆರು ಸಿಲಿಂಡರಿನ ಹಳೇ ಲಾರಿ ಒಂದು. ಪಿಕಪ್‌ನಲ್ಲಿ ಆಯಿಲ್ ಫಿಲ್ಟರ್ ಎಂಜಿನ್ ಪಕ್ಕಕ್ಕೆ ಅಡ್ಡ ಮಲಗಿದೆ. ಲಾರಿಯಲ್ಲಿ ಬಾಯಿ ಮೇಲಾಗಿ ನೇರ ನೇತಾಡುತ್ತದೆ. ಈ ಒಂದು ವ್ಯತ್ಯಾಸದಿಂದಲೇ ಹೋಲಿಕೆ ಮಾಡಲು ಅನುಕೂಲವಾಯಿತು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಎಂಜಿನ್ ಆಫ್ ಆದ ಕೂಡಲೇ ಮೇಲಿನ ಆಯಿಲ್ ನಿಧಾನಕ್ಕೆ ಚೇಂಬರಿಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳಿಯುತ್ತದೆ. ಇಳಿಯಲಿ, ಅದು ಸಹಜ. ಆದರೆ ಫಿಲ್ಟರಿನಲ್ಲಿ ನಿಂತ ಆಯಿಲ್ ಇಳಿಯಬಾರದು. ಅದೂ ಇಳಿದರೆ ಬೆಳಗ್ಗೆ ಪಂಪು ಮೊದಲು ಖಾಲಿ ಫಿಲ್ಟರ್ ತುಂಬಬೇಕು. ಆಮೇಲೆ ಗ್ಯಾಲರಿ (ಎಂಜಿನ್ ಒಳಗೆ ಆಯಿಲ್ ಹರಿಯುವ ದಾರಿ), ಕ್ರ್ಯಾಂಕ್ ಬೇರಿಂಗ್. ಕೊನೆಗೆ ಹೆಡ್ ಮೇಲಿನ ಹೈಡ್ರಾಲಿಕ್ ಟ್ಯಾಪೆಟ್, ಅಂದರೆ ಆಯಿಲ್ ಪ್ರೆಶರಿನಿಂದ ವಾಲ್ವಿನ ಸಂದಿ ತಾನೇ ಮುಚ್ಚಿಕೊಳ್ಳುವ ಸಾಮಾನು. ಅಲ್ಲಿಯವರೆಗೂ ಟ್ಯಾಪೆಟ್‌ಗಳು ಸಡಿಲವಾಗಿ ಬಡಿದುಕೊಳ್ಳುತ್ತಲೇ ಇರುತ್ತವೆ. ಟೈಮಿಂಗ್ ಚೈನಿನ ಟೆನ್ಶನರ್ ಆಯಿಲ್ ಪ್ರೆಶರಿನಿಂದ ಬಿಗಿಯುವಂಥದ್ದಾದರೆ ಚೈನಿನ ಗರಗರವೂ ಜೊತೆಗೆ ಸೇರುತ್ತದೆ. ಪ್ರೆಶರ್ ಬಂದ ತಕ್ಷಣ ಎಲ್ಲಾ ನಿಂತುಹೋಗುತ್ತದೆ. ಅದಕ್ಕೇ ಮೇಸ್ತ್ರಿ ಬರುವಷ್ಟರಲ್ಲಿ ಸದ್ದೇ ಇರುವುದಿಲ್ಲ.

ಮೊದಲು ಫಿಲ್ಟರ್ ವಿಷಯ, ಯಾಕೆಂದರೆ ಜಾಸ್ತಿ ವ್ಯತ್ಯಾಸ ಕಂಡದ್ದು ಇಲ್ಲೇ. ಒಂದು ಫಿಲ್ಟರ್ ಕೈಯಲ್ಲಿ ಹಿಡಿದು ಬಾಯಿಯ ಕಡೆ ನೋಡಿ. ನಡುವೆ ಥ್ರೆಡ್ ಇರುವ ದೊಡ್ಡ ತೂತು, ಸುತ್ತ ಚಿಕ್ಕ ಚಿಕ್ಕ ತೂತುಗಳು. ಆಯಿಲ್ ಒಳಗೆ ಹೋಗುವುದು ಚಿಕ್ಕ ತೂತುಗಳಿಂದ. ಪೇಪರ್ ದಾಟಿ ಹೊರಗೆ ಬರುವುದು ದೊಡ್ಡ ತೂತಿನಿಂದ. ಚಿಕ್ಕ ತೂತುಗಳ ಹಿಂದೆ ಒಂದು ರಬ್ಬರ್ ಬಿಲ್ಲೆ ಕಾಣುತ್ತದೆ ಅಲ್ವಾ, ಆಯಿಲ್ ಹಿಂದಕ್ಕೆ ಹರಿಯದಂತೆ ತಡೆಯುವುದು ಅದೇ. ಕಪ್ಪಗಿದ್ದರೆ ಸಾಮಾನ್ಯವಾಗಿ ನೈಟ್ರೈಲ್ ರಬ್ಬರ್. ಕಿತ್ತಳೆ ಅಥವಾ ಕೆಂಪು ಇದ್ದರೆ ಹೆಚ್ಚಾಗಿ ಸಿಲಿಕೋನ್. ಬಣ್ಣವನ್ನೇ ಪೂರ್ತಿ ನಂಬಬೇಡಿ, ಕಪ್ಪು ಸಿಲಿಕೋನೂ ಇದೆ.

ಪಿಕಪ್‌ಗೆ ಮೂರು ಥರದ ಫಿಲ್ಟರ್ ಹಾಕಿ ನೋಡಿದೆ. ಆಯಿಲ್ ಮೂರಕ್ಕೂ ಅದೇ 15ಡಬ್ಲ್ಯೂ-40 (ಆಯಿಲ್ ಎಷ್ಟು ದಪ್ಪ ಅಂತ ಹೇಳುವ ಅಂಕಿ). ಮೊದಲನೆಯದು ಅಂಗಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಗೆ ಸಿಕ್ಕಿದ್ದು. ಅದರಲ್ಲಿ ಮಾರನೇ ದಿನ ಬೆಳಗ್ಗೆಯೇ ನಾಲ್ಕೈದು ಸೆಕೆಂಡ್ ಕಟಕಟ. ಆಯಿಲ್ ಲೈಟ್ ಕೂಡ ತಡವಾಗಿ ಆರಿತು. ಎರಡನೆಯದು ಕಪ್ಪು ರಬ್ಬರಿನ ಒಳ್ಳೆಯ ಫಿಲ್ಟರ್. ಶುರುವಿನಲ್ಲಿ ಪೂರ್ತಿ ನಿಶ್ಶಬ್ದ. ಮುಂದಿನ ಆಯಿಲ್ ಚೇಂಜ್ ಹತ್ತಿರ ಬಂದಂತೆ ಒಂದೆರಡು ಸೆಕೆಂಡ್ ಸದ್ದು ಶುರುವಾಯಿತು. ಮೂರನೆಯದು ಸಿಲಿಕೋನ್ ಬಿಲ್ಲೆಯದು. ಹಾಕಿದ ದಿನದಿಂದ ಬಿಚ್ಚುವ ದಿನದವರೆಗೂ ಸದ್ದಿಲ್ಲ.

ಮೂರನ್ನೂ ಬಿಚ್ಚಿದ ಮೇಲೆ ಗರಗಸದಲ್ಲಿ ಕೊಯ್ದು ನೋಡಿದೆ. ಕಡಿಮೆ ಬೆಲೆಯದರ ಬಿಲ್ಲೆ ಹಳೇ ಕುಕ್ಕರ್ ಗ್ಯಾಸ್ಕೆಟ್ ಥರ ಗಟ್ಟಿಯಾಗಿ ಸೆಟೆದುಕೊಂಡಿತ್ತು. ಉಗುರಿನಿಂದ ಎತ್ತಿದರೆ ಎತ್ತಿದ ಹಾಗೇ ನಿಂತಿತು, ವಾಪಸ್ ಕೂರಲಿಲ್ಲ. ಒಂದು ಕಡೆ ಅಂಚು ಅಲೆ ಅಲೆಯಾಗಿತ್ತು. ಆ ಸಂದಿಯಿಂದಲೇ ರಾತ್ರಿಯಿಡೀ ಆಯಿಲ್ ಸೋರಿದ್ದು. ನೈಟ್ರೈಲ್ ಬಿಸಿಗೆ ಗಟ್ಟಿಯಾಗುತ್ತದೆ, ಅದರ ಗುಣವೇ ಅದು. ಲೋಡ್ ಎಳೆಯುವ ಡೀಸೆಲ್ ಗಾಡಿಯ ಆಯಿಲ್ 100 ಡಿಗ್ರಿ ದಾಟುವುದು ದೊಡ್ಡ ವಿಷಯವಲ್ಲ. ಸಿಲಿಕೋನ್ 200 ಡಿಗ್ರಿವರೆಗೂ ಮೆತ್ತಗೇ ಇರುತ್ತದೆ. ಕೊಯ್ದಾಗ ಸಿಲಿಕೋನ್ ಬಿಲ್ಲೆ ಹೊಸದರ ಹಾಗೇ ಬಾಗುತ್ತಿತ್ತು.

ಕೊಯ್ಯುವ ತಾಪತ್ರಯ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಆಯಿಲ್ ಚೇಂಜ್ ದಿನ ಬೆಳಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಫಿಲ್ಟರ್ ಬಿಚ್ಚಿ. ಅಡ್ಡ ಮಲಗಿದ ಫಿಲ್ಟರ್ ಸರಿಯಾಗಿದ್ದರೆ ಸಡಿಲಿಸಿದ ತಕ್ಷಣ ಆಯಿಲ್ ಮೊಣಕೈವರೆಗೂ ಹರಿಯುತ್ತದೆ. ಕೈ ಗಲೀಜಾಗದೆ ಬಿಚ್ಚಿಬಂತು ಅಂದರೆ ಖುಷಿಪಡಬೇಡಿ. ಒಳಗೆ ಆಯಿಲ್ ನಿಂತಿಲ್ಲ ಅಂತ ಅರ್ಥ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳುವಾಗ ನಾನು ಪೆನ್ನಿನ ತುದಿಯಿಂದ ಚಿಕ್ಕ ತೂತಿನ ಒಳಗೆ ಮೆಲ್ಲಗೆ ಒತ್ತಿ ನೋಡುತ್ತೇನೆ. ಬಿಲ್ಲೆ ಒಳಗೆ ಹೋಗಿ ತಾನೇ ವಾಪಸ್ ಬರಬೇಕು. ಕೌಂಟರಿನಲ್ಲಿರುವವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಒಳ್ಳೆಯ ಫಿಲ್ಟರಿಗೂ ಕೆಟ್ಟದ್ದಕ್ಕೂ ಇರುವ ಬೆಲೆಯ ವ್ಯತ್ಯಾಸ ಅರ್ಧ ಟ್ಯಾಂಕ್ ಡೀಸೆಲಿನ ಮುಂದೆ ಏನೇನೂ ಅಲ್ಲ.

ಇನ್ನು ಫಿಲ್ಟರಿಗೆ ಮೊದಲೇ ಆಯಿಲ್ ತುಂಬಿ ಹಾಕಬೇಕಾ, ಒಣದೇ ಹಾಕಬೇಕಾ ಅನ್ನುವುದು. ಇಲ್ಲಿ ದೊಡ್ಡ ಎಂಜಿನ್ ಕಂಪನಿಗಳೇ ಒಂದನ್ನೊಂದು ಒಪ್ಪುವುದಿಲ್ಲ. ಕಮಿನ್ಸ್ ತನ್ನ ಬಿ ಸರಣಿಯ ಎಂಜಿನ್ ಮ್ಯಾನ್ಯುಯಲ್‌ನಲ್ಲಿ ಫಿಲ್ಟರ್ ತುಂಬಿಯೇ ಹಾಕಿ ಅನ್ನುತ್ತದೆ. ಕ್ಯಾಟರ್‌ಪಿಲ್ಲರ್ ಅದಕ್ಕೆ ಪೂರ್ತಿ ಉಲ್ಟಾ, ತುಂಬಬೇಡಿ ಅನ್ನುತ್ತದೆ. ಸುರಿಯುವ ಆಯಿಲ್ ಸೋಸಿದ್ದಲ್ಲ, ಅದರಲ್ಲಿ ಕಸ ಇದ್ದರೆ ನೇರ ಬೇರಿಂಗಿಗೆ ಹೋಗುತ್ತದೆ ಅನ್ನುವುದು ಅವರ ವಾದ. ಇಬ್ಬರ ಮಾತಲ್ಲೂ ಹುರುಳಿದೆ. ನಮ್ಮ ಗ್ಯಾರೇಜುಗಳಲ್ಲಿ ಆಯಿಲ್ ಸುರಿಯುವ ಆಲಿಕೆ ಎಲ್ಲಿ ಬಿದ್ದಿರುತ್ತದೆ ಅಂತ ನೋಡಿದವರಿಗೆ ಎರಡನೇ ವಾದ ಬೇಗ ಅರ್ಥವಾಗುತ್ತದೆ.

ಲಾರಿಯಲ್ಲಿ ಎರಡೂ ಮಾಡಿ ನೋಡಿದೆ. ಒಣ ಫಿಲ್ಟರ್ ಹಾಕಿದಾಗ ಪ್ರೆಶರ್ ಗೇಜಿನ ಮುಳ್ಳು ಸೊನ್ನೆ ಬಿಟ್ಟು ಏಳಲು ಎಷ್ಟೋ ಹೊತ್ತು ಹಿಡಿಯಿತು ಅನ್ನಿಸಿತು. ಸೆಕೆಂಡಿನ ಲೆಕ್ಕದಲ್ಲಿ ಜಾಸ್ತಿ ಏನಲ್ಲ, ಆದರೆ ಟರ್ಬೊ ಇರುವ ಎಂಜಿನ್ ಪಕ್ಕ ನಿಂತವರಿಗೆ ಅದು ಸಣ್ಣ ಹೊತ್ತಲ್ಲ. ನಿಮಿಷಕ್ಕೆ ಲಕ್ಷದ ಲೆಕ್ಕದಲ್ಲಿ ಸುತ್ತುವ ಸಾಮಾನು ಅದು. ಅದರ ಬೇರಿಂಗ್ ನಿಂತಿರುವುದೇ ಆಯಿಲ್ ಪದರದ ಮೇಲೆ. ತುಂಬಿದ ಫಿಲ್ಟರ್ ಹಾಕಿದಾಗ ಮುಳ್ಳು ಎರಡು ಮೂರು ಸೆಕೆಂಡಿನಲ್ಲಿ ಎದ್ದಿತು. ಲಾರಿಯ ಮಟ್ಟಿಗೆ ನನ್ನ ಮತ ತುಂಬಿ ಹಾಕುವುದಕ್ಕೇ. ಆದರೆ ನಡುವಿನ ದೊಡ್ಡ ತೂತಿಗೆ ಆಯಿಲ್ ಹುಯ್ಯಬೇಡಿ, ಅದು ಪೇಪರ್ ದಾಟಿದ ಕಡೆ. ಸುತ್ತಲ ಚಿಕ್ಕ ತೂತುಗಳಿಂದ ಹುಯ್ಯಿರಿ. ನಿಧಾನ ಆಗುತ್ತದೆ, ಗುಳ್ಳೆ ಬಿಡುತ್ತದೆ, ಪೇಪರ್ ಕುಡಿಯುತ್ತಾ ಹೋಗುತ್ತದೆ. ಆದರೆ ಸುರಿದದ್ದೆಲ್ಲಾ ಸೋಸಿಯೇ ಎಂಜಿನ್ನಿಗೆ ಹೋಗುತ್ತದೆ.

ಪಿಕಪ್‌ನಲ್ಲಿ ಇದು ಅರ್ಧಂಬರ್ಧ. ಅಡ್ಡ ಕೂರಿಸುವಾಗ ಚೆಲ್ಲುತ್ತದಲ್ಲ, ಹಾಗಾಗಿ ಪೇಪರ್ ನೆನೆಯುವಷ್ಟು ಮಾತ್ರ ಹಾಕುತ್ತೇನೆ. ಇನ್ನೊಂದು ಮುಖ್ಯ ವಿಷಯ: ಫಿಲ್ಟರ್ ತುಂಬಿ ಹಾಕಿದರೆ ಉಪಯೋಗ ಆಗುವುದು ಆ ಮೊದಲ ಸ್ಟಾರ್ಟಿಗೆ ಮಾತ್ರ. ಮಾರನೇ ದಿನ ಬೆಳಗ್ಗೆಯ ಸದ್ದಿಗೂ ಅದಕ್ಕೂ ಸಂಬಂಧವಿಲ್ಲ. ಕಡಿಮೆ ಬೆಲೆಯ ಫಿಲ್ಟರನ್ನು ತುಂಬಿ ಹಾಕಿದಾಗ ಗ್ಯಾರೇಜಿನಲ್ಲಿ ಸದ್ದೇ ಬರಲಿಲ್ಲ. ಬೆಳಗ್ಗೆ ಮತ್ತೆ ಅದೇ ಕಟಕಟ. ಅದಕ್ಕೇ ಗ್ಯಾರೇಜಿನ ಸ್ಟಾರ್ಟನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳುವುದೇ ಇಲ್ಲ. ರಾತ್ರಿ ಪೂರ್ತಿ ನಿಂತ ಗಾಡಿಯ ಬೆಳಗ್ಗೆಯ ಮೊದಲ ಸ್ಟಾರ್ಟ್ ಏನು ಹೇಳುತ್ತದೋ ಅದೇ ನಿಜ.

ಫಿಲ್ಟರ್ ತುಂಬಿ ಹಾಕುವುದಕ್ಕೆ ಬದಲು ಇನ್ನೊಂದು ಉಪಾಯ ಇದೆ, ಎಂಜಿನ್ ಹತ್ತದಂತೆ ಬರೀ ಸೆಲ್ಫ್ ಹೊಡೆಯುವುದು. ಹಳೇ ಲಾರಿಯಲ್ಲಿ ಸುಲಭ. ಡೀಸೆಲ್ ನಿಲ್ಲಿಸುವ ಸ್ಟಾಪ್ ಕೇಬಲ್ ಎಳೆದು ಹಿಡಿದುಕೊಂಡು ಹತ್ತು ಸೆಕೆಂಡ್ ಸೆಲ್ಫ್ ಹೊಡೆದರೆ ಸಾಕು, ಗೇಜಿನ ಮುಳ್ಳು ಅಲ್ಲಾಡುತ್ತದೆ. ಆಮೇಲೆ ಕೇಬಲ್ ಬಿಟ್ಟು ಸ್ಟಾರ್ಟ್ ಮಾಡಿದರೆ ಮೊದಲ ಸ್ಟಾರ್ಟಿನ ಕಟಕಟ ಇಲ್ಲ. ಒಂದೇ ಸಮನೆ ಹೊಡೆಯುತ್ತಾ ಕೂರಬೇಡಿ, ಸೆಲ್ಫ್ ಮೋಟರ್ ಸುಡುತ್ತದೆ. ನಡುವೆ ಎರಡು ನಿಮಿಷ ಬಿಡಿ. ಕಾಮನ್ ರೈಲ್ (ಡೀಸೆಲ್ ಬಿಡುವುದನ್ನು ಕಂಪ್ಯೂಟರ್ ನೋಡಿಕೊಳ್ಳುವ ಪದ್ಧತಿ) ಇರುವ ಪಿಕಪ್‌ನಲ್ಲಿ ಹೀಗೆ ಮಾಡಲು ಫ್ಯೂಸೋ ರಿಲೇನೋ ಕೀಳಬೇಕು, ಚೆಕ್ ಎಂಜಿನ್ ಲೈಟ್ ಹತ್ತಿಕೊಂಡರೆ ಸುಮ್ನೆ ತಲೆನೋವು. ಅಲ್ಲಿ ನಾನು ಅದನ್ನು ಮಾಡುವುದಿಲ್ಲ. ಸ್ಟಾರ್ಟ್ ಮಾಡಿ ಆಯಿಲ್ ಲೈಟ್ ಆರುವವರೆಗೂ ಆಕ್ಸಿಲರೇಟರ್ ಮುಟ್ಟದಿದ್ದರೆ ಆಯಿತು.

ಇನ್ನು ಆಯಿಲ್. ಪಿಕಪ್‌ನ ಮ್ಯಾನ್ಯುಯಲ್ 15ಡಬ್ಲ್ಯೂ-40 ಮತ್ತು 5ಡಬ್ಲ್ಯೂ-30 ಎರಡನ್ನೂ ಒಪ್ಪುತ್ತದೆ, ಅದಕ್ಕೇ ಎರಡನ್ನೂ ಹಾಕಿ ನೋಡಿದೆ. ಕೆಟ್ಟ ಫಿಲ್ಟರ್ ಇದ್ದಾಗ 5ಡಬ್ಲ್ಯೂ-30 ಎಂಬ ತೆಳು ಆಯಿಲ್‌ನಿಂದ ಸದ್ದು ಒಂದು ಸೆಕೆಂಡಿನಷ್ಟು ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ತೆಳು ಆಯಿಲ್ ಬೇಗ ಮೇಲೇರುತ್ತದೆ ನಿಜ, ಆದರೆ ಅಷ್ಟೇ ಬೇಗ ಇಳಿಯುತ್ತದೆ ಕೂಡ. ಒಳ್ಳೆಯ ಫಿಲ್ಟರ್ ಇದ್ದಾಗ ಎರಡು ಆಯಿಲ್‌ಗೂ ವ್ಯತ್ಯಾಸವೇ ಕೇಳಿಸಲಿಲ್ಲ.

ಡಬ್ಲ್ಯೂ ಹಿಂದಿನ ಅಂಕಿ ಹಿಡಿದು ವಾದ ಮಾಡುವವರಿಗೆ ಒಂದು ಮಾತು. 15ಡಬ್ಲ್ಯೂ ಆಯಿಲನ್ನು ಸೆಲ್ಫ್‌ಗೆ ಎಷ್ಟು ಭಾರ ಆಗುತ್ತದೆ ಅಂತ ಪರೀಕ್ಷೆ ಮಾಡುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ. 5ಡಬ್ಲ್ಯೂ ಆದರೆ 30 ಡಿಗ್ರಿ ಕೆಳಗೆ. ಜನವರಿಯಲ್ಲಿ ಕೋಲಾರದ ಬೆಳಗ್ಗೆ ಎಷ್ಟೇ ನಡುಗಿಸಿದರೂ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಲಡಾಖ್‌ಗೆ ಲೋಡ್ ಹೊಡೆಯುವವರಿಗೆ ಆ ಅಂಕಿ ಮುಖ್ಯ, ನಮಗೆ ಅಷ್ಟಿಲ್ಲ. ತೆಳು ಆಯಿಲ್ ಹಾಕುವವರು ಇನ್ನೊಂದು ವಿಷಯ ನೋಡಿಕೊಳ್ಳಿ. ಡಬ್ಬದ ಮೇಲೆ ಆಯಿಲ್ ದರ್ಜೆ ಎಪಿಐ ಎಫ್‌ಎ-4 ಅಂತಿದ್ದರೆ ಅದು ಹಳೇ ಎಂಜಿನ್‌ಗಳಿಗಲ್ಲ. ಸಿಕೆ-4 ಅಂತಿರುವುದು ಹಿಂದಿನ ದರ್ಜೆ ಕೇಳುವ ಎಂಜಿನ್‌ಗಳಿಗೂ ನಡೆಯುತ್ತದೆ. ಎರಡೂ 2016ರ ಕೊನೆಗೆ ಒಟ್ಟಿಗೇ ಬಂದವು, ಅದಕ್ಕೇ ಗೊಂದಲ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್-6 ಗಾಡಿಗೆ ಬೂದಿ ಕಡಿಮೆ ಇರುವ, ಕಂಪನಿ ಹೇಳಿದ ದರ್ಜೆಯದೇ ಬೇಕು. ಅಲ್ಲಿ ಪ್ರಯೋಗ ಬೇಡ.

"20ಡಬ್ಲ್ಯೂ-50 ಹಾಕಿ, ಸದ್ದು ಮುಚ್ಚಿಹೋಗುತ್ತೆ" ಅನ್ನುವ ಸಲಹೆ, ಆಯಿಲ್ ದಪ್ಪ ಮಾಡಲು ಬೆರೆಸುವ, ಜೇನಿನಂತೆ ಇಳಿಯುವ ಡಬ್ಬದ ಮದ್ದು, ಇವೆರಡರಲ್ಲಿ ನಾನು ಮದ್ದನ್ನು ಮಾತ್ರ ಹಾಕಿ ನೋಡಿದೆ. ಬಿಸಿಯಾದ ಮೇಲೆ ಎಂಜಿನ್ ಮೆತ್ತಗಾಯಿತು. ಬೆಳಗ್ಗೆಯ ಸದ್ದು ಮಾತ್ರ ಇನ್ನಷ್ಟು ಉದ್ದವಾಯಿತು. ದಪ್ಪ ಆಯಿಲ್ ಹೆಡ್‌ವರೆಗೆ ಏರುವುದೇ ನಿಧಾನ, ಇನ್ನೇನಾಗುತ್ತದೆ.

ಇಷ್ಟೆಲ್ಲಾ ಹೇಳಿದ್ದು ಪ್ರೆಶರ್ ಬಂದ ಕೂಡಲೇ ನಿಲ್ಲುವ ಸದ್ದಿನ ಬಗ್ಗೆ. ನಿಲ್ಲದೆ ಢಬ್ ಢಬ್ ಅಂತ ತಳದಿಂದ ಬಂದರೆ, ಅಥವಾ ಹತ್ತು ಸೆಕೆಂಡಾದರೂ ಆಯಿಲ್ ಲೈಟ್ ಆರದಿದ್ದರೆ ತಕ್ಷಣ ಆಫ್ ಮಾಡಿ. ಡಿಪ್ ಸ್ಟಿಕ್ ಎಳೆದು ನೋಡಿ. ಕಡಿಮೆ ಇದ್ದರೆ ಮಾತ್ರ ತೊಂದರೆ ಅಂದುಕೊಳ್ಳಬೇಡಿ. ಮೇಲಿನ ಗೆರೆ ದಾಟಿ ಜಾಸ್ತಿ ತುಂಬಿದ್ದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಆಯಿಲ್ ಹೋದರೆ ಹೈಡ್ರಾಲಿಕ್ ಟ್ಯಾಪೆಟ್ ಬಿಸಿಯಲ್ಲೂ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ. ಫಿಲ್ಟರ್ ಬಿಚ್ಚುವಾಗ ಹಳೇ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿದೆಯಾ ಅಂತಲೂ ನೋಡಿ. ಎರಡು ರಿಂಗ್ ಮೇಲೆ ಕೂರಿಸಿದ ಫಿಲ್ಟರ್ ರೋಡಲ್ಲಿ ಎಲ್ಲಾ ಆಯಿಲ್ ಕಕ್ಕಿಬಿಡುತ್ತದೆ.

ಲಾರಿಯ ಬೆಳಗ್ಗೆಯ ಟಿಕ್ ಟಿಕ್ ಮಾತ್ರ ಯಾವ ಫಿಲ್ಟರಿಗೂ ಬಗ್ಗಲಿಲ್ಲ. ಬಗ್ಗುವುದೂ ಇಲ್ಲ. ಬಾಯಿ ಮೇಲಾಗಿ ನೇತಾಡುವ ಫಿಲ್ಟರಿನಿಂದ ಆಯಿಲ್ ಸುಲಭಕ್ಕೆ ಇಳಿಯುವುದಿಲ್ಲ, ಬಿಲ್ಲೆ ಎಂಥದ್ದಾದರೇನು. ಅಲ್ಲಿ ಹೈಡ್ರಾಲಿಕ್ ಟ್ಯಾಪೆಟ್ಟೂ ಇಲ್ಲ, ಸ್ಕ್ರೂ ತಿರುಗಿಸಿ ವಾಲ್ವಿನ ಗ್ಯಾಪ್ ಇಡುವ ಹಳೇ ಪದ್ಧತಿ. ಕಮಿನ್ಸ್‌ನ 5.9 ಲೀಟರ್, 12 ವಾಲ್ವಿನ ಎಂಜಿನ್ನಿಗೆ ಇನ್‌ಟೇಕ್ 0.25 ಮಿಲಿಮೀಟರ್, ಎಗ್ಸಾಸ್ಟ್ 0.51 ಮಿಲಿಮೀಟರ್ ಅಂತ ಲೆಕ್ಕ ಇರುವ ಹಾಗೆ, ಪ್ರತಿ ಎಂಜಿನ್ನಿಗೂ ಒಂದು ಲೆಕ್ಕ ಇರುತ್ತದೆ. ನನ್ನ ಲಾರಿಯಲ್ಲಿ ಎರಡು ಎಗ್ಸಾಸ್ಟ್ ವಾಲ್ವಿನ ಗ್ಯಾಪ್ ಜಾಸ್ತಿಯಾಗಿತ್ತು. ಎಂಜಿನ್ ತಣ್ಣಗಿದ್ದಾಗ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ಇಟ್ಟು ಸರಿಮಾಡಿದ ಮೇಲೆ ಸದ್ದು ಇಳಿಯಿತು. ಆಯಿಲ್ ಅದೇ, ಫಿಲ್ಟರ್ ಅದೇ.