ಗಾಳಿ ಕಮ್ಮಿ ಇರೋ ಕೆರೆಗೆ ಇಬ್ಬರು ಕೂರುವ ಯಾವ ಹಾಯಿದೋಣಿ? ಎಂಟರ್‌ಪ್ರೈಸ್, ಜಿಪಿ14, ಆರ್‌ಎಸ್200 ಓಡಿಸಿ ನೋಡಿದ ಮೇಲೆ

ನಮ್ಮ ಕ್ಲಬ್ಬಿನ ಭಾನುವಾರದ ರೇಸಿನಲ್ಲಿ ಗಾಳಿ ಬೀಸುವುದಕ್ಕಿಂತ ಸುಮ್ಮನಿರುವುದೇ ಜಾಸ್ತಿ. ಇಂಗ್ಲೆಂಡಿನ ನಡುಭಾಗದ ಒಂದು ರಿಸರ್ವಾಯರ್ ಅದು. ಸುತ್ತ ಮರಗಳು, ಒಂದು ಕಡೆ ಏರಿ. ಬೇಸಿಗೆಯಲ್ಲಿ ನಾಲ್ಕೈದು ನಾಟ್, ಅಂದರೆ ಗಂಟೆಗೆ ಏಳರಿಂದ ಒಂಬತ್ತು ಕಿಲೋಮೀಟರ್, ಗಾಳಿ ಸಿಕ್ಕರೆ ಪುಣ್ಯ. ಇಂಥ ನೀರಿಗೆ ಇಬ್ಬರು ಕೂರುವ ಹಾಯಿದೋಣಿ ಕೊಳ್ಳಬೇಕು ಅಂತ ನಾನು, ನನ್ನ ತಮ್ಮ ಯೋಚನೆ ಮಾಡಿದಾಗ ಎಲ್ಲರೂ ಒಂದೊಂದು ಹೆಸರು ಹೇಳಿದರು. ಅದಕ್ಕೇ ಕ್ಲಬ್ಬಿನ ದೋಣಿಗಳನ್ನೂ ಗೆಳೆಯರ ದೋಣಿಗಳನ್ನೂ ಎರವಲು ಪಡೆದು, ಮೂರು ಬಗೆಯವನ್ನು ರೇಸಿನಲ್ಲೇ ಓಡಿಸಿ ನೋಡಿದೆವು.

ಚುಕ್ಕಾಣಿ ಮತ್ತು ದೊಡ್ಡ ಹಾಯಿ ನನ್ನ ಕೈಯಲ್ಲಿ. ಮುಂದಿನ ಚಿಕ್ಕ ಹಾಯಿ, ಅಂದರೆ ಜಿಬ್, ತಮ್ಮನ ಕೈಯಲ್ಲಿ. ಇಬ್ಬರ ತೂಕ ಸೇರಿ 130 ಕಿಲೋ ಹತ್ತಿರ. ಮೂರೂ ದೋಣಿಗೆ ಇದು ಹೊಂದುವ ತೂಕ, ಹಾಗಾಗಿ ಯಾವುದಕ್ಕೂ ಅನ್ಯಾಯ ಆಗಿಲ್ಲ. ತೀರ್ಪು ಮೊದಲೇ ಹೇಳಿಬಿಡ್ತೀನಿ: ಕಮ್ಮಿ ಗಾಳಿಗೆ, ಚಿಕ್ಕ ನೀರಿಗೆ ಎಂಟರ್‌ಪ್ರೈಸ್.

ಕಾರಣಕ್ಕೆ ಬರುವ ಮುಂಚೆ ರೇಸಿನ ಲೆಕ್ಕ ಗೊತ್ತಿರಬೇಕು. ಬೇರೆ ಬೇರೆ ಜಾತಿಯ ದೋಣಿಗಳು ಒಟ್ಟಿಗೆ ಓಡುವಾಗ ಮೊದಲು ಬಂದವರೇ ಗೆದ್ದರು ಅಂತ ಇಲ್ಲ. ಬ್ರಿಟನ್ನಿನಲ್ಲಿ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಅಂತ ಒಂದು ಪದ್ಧತಿ ಇದೆ. ಪ್ರತಿ ಜಾತಿಗೂ ಒಂದು ಸಂಖ್ಯೆ. ದೋಣಿ ತೆಗೆದುಕೊಂಡ ಸಮಯವನ್ನು ಆ ಸಂಖ್ಯೆಯಿಂದ ಭಾಗಿಸಿ, 1000ದಿಂದ ಗುಣಿಸುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ದೋಣಿ ನಿಧಾನದ್ದು ಅಂತ ಅರ್ಥ. ಆರ್‌ಎಸ್200ಗೆ 1045ರ ಆಸುಪಾಸು, ಎಂಟರ್‌ಪ್ರೈಸ್‌ಗೆ 1120ರ ಆಸುಪಾಸು, ಜಿಪಿ14ಗೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಆರ್‌ಎಸ್200 ಒಂದು ಗಂಟೆಯಲ್ಲಿ ಮುಗಿಸಿದರೆ, ಎಂಟರ್‌ಪ್ರೈಸ್ ನಾಲ್ಕು ನಿಮಿಷ ತಡವಾಗಿ ಬಂದರೂ ಲೆಕ್ಕ ಸರಿಸಮ.

ವಿಷಯ ಇರುವುದು ಇಲ್ಲೇ. ಈ ಸಂಖ್ಯೆ ಎಲ್ಲ ಬಗೆಯ ಗಾಳಿಯ ರೇಸುಗಳನ್ನು ಸೇರಿಸಿ ಬಂದ ಸರಾಸರಿ. ಜೋರು ಗಾಳಿಯಲ್ಲಿ ಆರ್‌ಎಸ್200 ನೀರಿನ ಮೇಲೆದ್ದು ಜಾರುತ್ತಾ ಓಡುತ್ತದೆ, ಆ ವೇಗವೂ ಅದರ ಸಂಖ್ಯೆಯಲ್ಲಿ ಸೇರಿಕೊಂಡಿದೆ. ನಾಲ್ಕು ನಾಟ್ ಗಾಳಿಯಲ್ಲಿ ಅದು ಮೇಲೇಳುವುದೇ ಇಲ್ಲ. ಆದರೆ ದಂಡ ಮಾತ್ರ ಪೂರ್ತಿ ಕಟ್ಟಬೇಕು.

ಈಗ ಎಂಟರ್‌ಪ್ರೈಸ್. ಜ್ಯಾಕ್ ಹೋಲ್ಟ್ 1956ರಲ್ಲಿ ಮಾಡಿದ ವಿನ್ಯಾಸ. ನಾಲ್ಕು ಮೀಟರ್ ಉದ್ದ, ನೀಲಿ ಹಾಯಿ. ದೂರದಿಂದಲೇ ಗುರುತು ಸಿಗುತ್ತದೆ. ಎರಡು ಎಂಟರ್‌ಪ್ರೈಸ್‌ಗಳು ಚಳಿಗಾಲದ ರಾತ್ರಿಯಲ್ಲಿ ಇಂಗ್ಲಿಷ್ ಕಾಲುವೆ ದಾಟಿದ್ದೇ ಇದಕ್ಕೆ ಸಿಕ್ಕ ಮೊದಲ ಪ್ರಚಾರ. ಇಂಡಿಯಾದ ಕ್ಲಬ್ಬುಗಳಲ್ಲೂ ಬಹಳ ವರ್ಷ ಓಡಿದೆ. ಇದಕ್ಕೆ ಸ್ಪಿನೇಕರ್, ಅಂದರೆ ಬೆನ್ನಗಾಳಿಗೆ ಮುಂದೆ ಬಿಚ್ಚುವ ಬಲೂನಿನಂಥ ಹಾಯಿ, ಇಲ್ಲವೇ ಇಲ್ಲ. ಅದು ಕೊರತೆ ಅಂತ ಕೆಲವರು ಹೇಳ್ತಾರೆ. ನಮ್ಮ ಕೆರೆಗೆ ಅದೇ ಅನುಕೂಲ.

ಯಾಕೆ ಅಂದರೆ ಬೆನ್ನಗಾಳಿಯಲ್ಲಿ ಎಂಟರ್‌ಪ್ರೈಸ್ ಗುರುತಿನ ತೇಲುಬುರುಡೆಗೆ ನೇರವಾಗಿ ಮುಖ ಮಾಡಿ ಹೋಗುತ್ತದೆ. ದೊಡ್ಡ ಹಾಯಿ ಒಂದು ಕಡೆ, ಜಿಬ್ ಇನ್ನೊಂದು ಕಡೆ. ಜಿಬ್ಬಿನ ಮೂಲೆಗೆ ಒಂದು ಕೋಲು ಸಿಕ್ಕಿಸಿ, ಕೋಲಿನ ಇನ್ನೊಂದು ತುದಿಯನ್ನು ಕಂಬಕ್ಕೆ ಕೊಟ್ಟರೆ ಮುಗಿಯಿತು. ಸೆಂಟರ್‌ಬೋರ್ಡನ್ನು, ಅಂದರೆ ದೋಣಿಯ ನಡುವಿನಿಂದ ನೀರಿಗೆ ಇಳಿಯುವ ಹಲಗೆಯನ್ನು, ಮುಕ್ಕಾಲು ಪಾಲು ಮೇಲಕ್ಕೆ ಎಳೆದು ಅಲುಗಾಡದೆ ಕೂರುವುದು. ನಮ್ಮ ಪಕ್ಕದಲ್ಲಿ ಬಣ್ಣಬಣ್ಣದ ಸ್ಪಿನೇಕರ್ ಬಿಚ್ಚಿದವರು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋಗುತ್ತಿದ್ದರೆ ನಾವು ನೇರ ಗೆರೆಯಲ್ಲಿ ಹೋದೆವು.

ಆದರೆ ನನಗೆ ಇದು ನಿಜವಾಗಿ ಇಷ್ಟವಾಗಿದ್ದು ಎದುರುಗಾಳಿಯಲ್ಲಿ, ರೋಲ್ ಟ್ಯಾಕ್ ಮಾಡುವಾಗ. ಎದುರುಗಾಳಿಗೆ ಯಾವ ಹಾಯಿದೋಣಿಯೂ ನೇರ ಹೋಗಲ್ಲ, ಓರೆ ಓರೆಯಾಗಿ ತಿರುಗಿಸುತ್ತಾ ಹೋಗಬೇಕು. ಕಮ್ಮಿ ಗಾಳಿಯಲ್ಲಿ ಪ್ರತಿ ತಿರುವಿನಲ್ಲೂ ದೋಣಿ ನಿಂತೇಬಿಡುತ್ತದೆ. ಅದನ್ನು ತಪ್ಪಿಸಲು ಮೊದಲು ಗಾಳಿಯಿಂದಾಚೆಗಿನ ಬದಿಗೆ ದೋಣಿಯನ್ನು ಚೂರು ಓರೆ ಮಾಡಬೇಕು. ಆಗ ಚುಕ್ಕಾಣಿ ಒತ್ತದೆಯೇ ಮೂಗು ಗಾಳಿಯ ಕಡೆ ತಿರುಗಲು ಶುರು ಮಾಡುತ್ತದೆ. ಜಿಬ್ ಪಟಪಟ ಅನ್ನುವ ಹೊತ್ತಿಗೆ ಇಬ್ಬರೂ ಗಾಳಿ ಬರುವ ಬದಿಗೇ ಜೋರಾಗಿ ಒರಗಬೇಕು. ಕಂಬ ಬೀಸಿಕೊಂಡು ಬರುತ್ತದೆ, ಹಾಯಿ ಬೀಸಣಿಗೆಯ ಹಾಗೆ ಗಾಳಿಯನ್ನು ತಳ್ಳುತ್ತದೆ. ಅಂಚು ನೀರಿಗೆ ತಾಗುವ ಕ್ಷಣದಲ್ಲಿ ಇಬ್ಬರೂ ಒಟ್ಟಿಗೆ ಆ ಕಡೆಗೆ ದಾಟಿ ದೋಣಿಯನ್ನು ಮಟ್ಟ ಮಾಡಬೇಕು. ಸರಿಯಾಗಿ ಮಾಡಿದರೆ ತಿರುವಿನಲ್ಲಿ ವೇಗ ಕಳೆಯುವುದೇ ಇಲ್ಲ. ತಿರುಗಿಸದೇ ಇದ್ದರೆ ಇರುತ್ತಿದ್ದುದಕ್ಕಿಂತ ಜಾಸ್ತಿ ವೇಗ ಗಿಟ್ಟಿಸಿದರೆ ಅದು ಹಾಯಿದೋಣಿ ರೇಸಿನ 42ನೇ ನಿಯಮಕ್ಕೆ ವಿರುದ್ಧ. ಗಾಳಿಯೇ ದೋಣಿ ಓಡಿಸಬೇಕು, ಮೈಕೈ ಆಡಿಸಿ ತಳ್ಳಬಾರದು ಅನ್ನೋದು ಆ ನಿಯಮದ ಸಾರ.

ಎಂಟರ್‌ಪ್ರೈಸ್ ಈ ರೋಲ್ ಟ್ಯಾಕಿಗೆ ಸುಲಭವಾಗಿ ಬಗ್ಗುತ್ತದೆ. ತೂಕ 90 ಕಿಲೋ ಚಿಲ್ಲರೆ ಅಷ್ಟೇ. ಒಂದೇ ತೊಂದರೆ ಅದರ ಬೂಮ್, ಅಂದರೆ ದೊಡ್ಡ ಹಾಯಿಯ ಕೆಳಗಿನ ಅಡ್ಡಕಂಬ. ತುಂಬಾ ತಗ್ಗಿನಲ್ಲಿದೆ. ಆರಡಿ ಎತ್ತರದ ನನ್ನ ತಮ್ಮ ಅದರಡಿ ನುಸುಳುವಾಗ ಪಾಪ ಅನ್ನಿಸುತ್ತದೆ.

ಜಿಪಿ14 ಕೂಡ ಜ್ಯಾಕ್ ಹೋಲ್ಟ್ ಅವರದ್ದೇ, 1949ರದ್ದು. ಹೆಸರಿನ 14 ಅಂದರೆ ಹದಿನಾಲ್ಕು ಅಡಿ. ಹಾಯಿಯ ಮೇಲೆ ಗಂಟೆಯ ಚಿಹ್ನೆ ಇರುತ್ತದೆ, ವೇಲ್ಸಿನ ಅಬರ್‌ಡೋವಿಯ ಗಂಟೆ ಅದು. ಒಳಗೆ ಧಾರಾಳ ಜಾಗ, ಮಕ್ಕಳು ಮರಿ ಕೂರಿಸಿಕೊಂಡು ಹೋಗಲು ಇದರಷ್ಟು ಒಳ್ಳೆಯದು ಇಲ್ಲ. ಆದರೆ ಬರಿಯ ದೋಣಿಯೇ 133 ಕಿಲೋ. ಒಮ್ಮೆ ಓಟ ಹಿಡಿದರೆ ಗಾಳಿ ಸತ್ತ ಜಾಗವನ್ನೂ ಆ ತೂಕದ ರಭಸದಲ್ಲೇ ದಾಟಿಬಿಡುತ್ತದೆ. ಇದು ನಾನು ನಿರೀಕ್ಷಿಸದ ಗುಣ, ಮನಸಾರೆ ಮೆಚ್ಚಿದೆ. ಓಟ ಹಿಡಿಸುವುದೇ ಕಷ್ಟ. ಪ್ರತಿ ತಿರುವಿನ ನಂತರ ಎಂಟರ್‌ಪ್ರೈಸ್ ಹೊರಟು ಹೋಗಿರುತ್ತದೆ, ಇದು ಇನ್ನೂ ಎದ್ದೇಳುತ್ತಿರುತ್ತದೆ. ಇದಕ್ಕೆ ಸ್ಪಿನೇಕರ್ ಇದೆ, ನೇರ ಬೆನ್ನಗಾಳಿಯಲ್ಲೂ ಹಿಡಿಯಬಹುದು. ಗಾಳಿ ಮೂರು ನಾಟ್‌ಗೆ ಇಳಿದರೆ ಒದ್ದೆ ಬಟ್ಟೆಯಾಗಿ ಜೋತು ಬೀಳುತ್ತದೆ. ದೊಡ್ಡ ನೀರಿನಲ್ಲಿ, ತಿರುವು ಕಮ್ಮಿ ಇರುವ ಕೋರ್ಸಿನಲ್ಲಿ ನಾನು ಇದನ್ನೇ ಆರಿಸುತ್ತಿದ್ದೆ.

ಆರ್‌ಎಸ್200 ಫಿಲ್ ಮಾರಿಸನ್ ಅವರ 1995ರ ದೋಣಿ. ಮೂತಿಯಿಂದ ಹೊರಗೆ ಚಾಚುವ ಕೋಲು, ಅದರ ತುದಿಗೆ ಸ್ಪಿನೇಕರ್. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೊಡವರ ಹುಡುಗ ಕೆ.ಸಿ. ಗಣಪತಿ, ವರುಣ್ ಠಕ್ಕರ್ ಜೊತೆ ಓಡಿಸಿದ ಫಾರ್ಟಿನೈನರ್ ದೋಣಿಯಲ್ಲೂ ಇದೇ ಏರ್ಪಾಟು. ತಮ್ಮನಿಗೆ ಆರ್‌ಎಸ್200 ಮೇಲೆ ಪ್ರಾಣ. ಎದುರುಗಾಳಿಯಲ್ಲಿ ಮೂರರಲ್ಲೂ ಇದೇ ಚುರುಕು ಅಂತ ನಾನೂ ಒಪ್ತೀನಿ. ಹಗುರ, ನೀರಿಗೆ ತಾಗುವ ಮೈ ಸಪೂರ. ಕಷ್ಟ ಶುರುವಾಗುವುದು ಬೆನ್ನಗಾಳಿಯಲ್ಲಿ. ಈ ಬಗೆಯ ಸ್ಪಿನೇಕರ್ ನೇರ ಬೆನ್ನಗಾಳಿಯಲ್ಲಿ ತುಂಬಿಕೊಳ್ಳಲ್ಲ. ಓರೆಯಾಗಿ ಹೋಗಿ ವೇಗ ಗಳಿಸಬೇಕು, ಆ ವೇಗದಿಂದ ಹಾಯಿಗೆ ಇನ್ನಷ್ಟು ಗಾಳಿ ಸಿಗಬೇಕು. ಗಾಳಿ ಚೆನ್ನಾಗಿದ್ದರೆ ಸುತ್ತು ಹಾದಿಯ ನಷ್ಟ ವೇಗದಲ್ಲಿ ತೀರಿಹೋಗುತ್ತದೆ. ಕಮ್ಮಿ ಗಾಳಿಯಲ್ಲಿ ಹಾದಿ ಮಾತ್ರ ಉದ್ದವಾಗುತ್ತದೆ. ಮೇಲಾಗಿ ನಮ್ಮಂಥ ಚಿಕ್ಕ ಕೆರೆಯಲ್ಲಿ ಸ್ಪಿನೇಕರ್ ಏರಿಸಿ, ಹಗ್ಗ ಸರಿಮಾಡಿಕೊಳ್ಳುವಷ್ಟರಲ್ಲಿ ಇಳಿಸುವ ಹೊತ್ತು ಬಂದಿರುತ್ತದೆ.

ಫೈರ್‌ಫ್ಲೈ ಸೇರಿಸಬೇಕಿತ್ತು ಅಂತ ಕ್ಲಬ್ಬಿನ ಹಿರಿಯರೊಬ್ಬರು ಪದೇ ಪದೇ ಹೇಳಿದರು. 1948ರ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕಿನ ಪಾಲ್ ಎಲ್ವ್‌ಸ್ಟ್ರಮ್ ತಮ್ಮ ಮೊದಲ ಚಿನ್ನ ಗೆದ್ದ ದೋಣಿ ಅದು. ಹನ್ನೆರಡು ಅಡಿಯದು, ನಮ್ಮಿಬ್ಬರಿಗೆ ಇಕ್ಕಟ್ಟು. ಅಷ್ಟಕ್ಕೆ ಬಿಟ್ಟೆವು.

ಯಾವ ದೋಣಿಯಾದರೂ ಕೆಲವು ವಿಷಯ ಒಂದೇ. ಇಬ್ಬರೂ ಮುಂದೆ ಸರಿದು ಕೂರಬೇಕು, ಹಿಂಭಾಗ ನೀರಿನಿಂದ ಮೇಲೆ ಬರಬೇಕು. ಹಿಂದಿನಿಂದ ಗುಳುಗುಳು ಸದ್ದು ಕೇಳಿದರೆ ನೀರನ್ನು ಎಳೆದುಕೊಂಡು ಹೋಗ್ತಿದೀವಿ ಅಂತಲೇ ಅರ್ಥ. ಇನ್ನೊಂದು, ಹಾಯಿಯನ್ನು ಬಿಗಿಯಾಗಿ ಎಳೆದು ಕಟ್ಟುವ ಆಸೆ ಬಿಡಬೇಕು.

"ಅಕ್ಕಾ, ಬಲಗಡೆ ನೀರು ಕಪ್ಪಾಗ್ತಿದೆ ನೋಡು, ಗಾಳಿ ಬಂತು."

"ಎದ್ದೇಳಬೇಡ ಕಣೋ. ಮೊದಲು ಜಿಬ್ ಚೂರು ಬಿಡು."

ಇಷ್ಟೇ ಮಾತು, ಅದೂ ಪಿಸುದನಿಯಲ್ಲಿ. ಜಿಬ್ಬಿನ ಮೇಲೆ ಅಂಟಿಸಿದ ಉಲ್ಲನ್ ದಾರದ ತುಣುಕುಗಳು ಎರಡೂ ಬದಿಯಲ್ಲಿ ಹಿಂದಕ್ಕೆ ನೇರ ಹಾರುತ್ತಿದ್ದರೆ ಹಾಯಿ ಸರಿ ಇದೆ. ಗಾಳಿ ಬರುವ ಬದಿಯದು ಮೇಲಕ್ಕೆ ಎದ್ದರೆ ಹಾಯಿ ಸ್ವಲ್ಪ ಎಳೆದುಕೊಳ್ಳಬೇಕು, ಆಚೆಯದು ಸುತ್ತಿಕೊಂಡರೆ ಸ್ವಲ್ಪ ಬಿಡಬೇಕು.

ಬೆಲೆಯಲ್ಲೂ ಎಂಟರ್‌ಪ್ರೈಸೇ ಮೇಲು. ಹಳೆಯ ಪ್ಲೈವುಡ್ಡಿನದು ಕೆಲವು ನೂರು ಪೌಂಡಿಗೆ ಸಿಗುತ್ತದೆ, ಆರ್‌ಎಸ್200 ಸೆಕೆಂಡ್ ಹ್ಯಾಂಡ್ ಆದರೂ ಸಾವಿರಗಳಲ್ಲೇ. ನಾವು ಈಗ ನೋಡುತ್ತಿರುವುದು ಪ್ಲೈವುಡ್ಡಿನದನ್ನೇ. ಕೊಳ್ಳುವವರು ಸೆಂಟರ್‌ಬೋರ್ಡ್ ಇಳಿಯುವ ಪೆಟ್ಟಿಗೆಯ ಬುಡವನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಮರ ಕೊಳೆತಿದೆ, ಎಷ್ಟು ಅಗ್ಗವಾದರೂ ಬೇಡ. ಬಣ್ಣ ಹೋಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಉಳಿದ ದುಡ್ಡನ್ನು ಒಂದು ಒಳ್ಳೆಯ ಜಿಬ್ಬಿಗೆ ಹಾಕಿ, ಏಕೆಂದರೆ ಹಳೆಯದಾಗಿ ಜೋತ ಹಾಯಿಗೆ ನಾಲ್ಕು ನಾಟ್ ಗಾಳಿ ಸಾಕಾಗಲ್ಲ.